ನಂದಿ ಏರಲ್ಲಿ 30 ನಿಮಿಷ: ನಿಮ್ಮ ಲ್ಯಾಕ್ಟೇಟ್ ಥ್ರೆಶೋಲ್ಡ್ ಕಂಡ್ಕೊಳ್ಳೋದು ಹೇಗೆ?

[ದೃಶ್ಯ: ಬೆಳಗ್ಗೆ 6 ಗಂಟೆ. ನಂದಿ ಬೆಟ್ಟದ ಬುಡ. ಸೈಕಲ್ ಸವಾರರೊಬ್ಬರು ಹಾರ್ಟ್‌ರೇಟ್ ಅಳೆಯುವ ಎದೆಪಟ್ಟಿ ಕಟ್ಟಿಕೊಳ್ಳುತ್ತಿದ್ದಾರೆ.]

ನಮಸ್ಕಾರ. ಸೈಕಲಲ್ಲಿ ನಂದಿ ಏರೋಕೆ ಶುರು ಮಾಡಿದ ಮೊದಲ ಐದು ನಿಮಿಷ ಎಲ್ಲರಿಗೂ ಚೆನ್ನಾಗೇ ಇರುತ್ತೆ. ಹತ್ತನೇ ನಿಮಿಷಕ್ಕೆ ಕೆಲವರ ತೊಡೆ ಕಲ್ಲಾಗುತ್ತೆ, ಉಸಿರು ಕೈಗೆ ಸಿಗಲ್ಲ. ಅವರ ಪಕ್ಕದಲ್ಲೇ ಬುಡದಿಂದ ಹೊರಟ ಇನ್ನೊಬ್ಬರು ಒಂದೇ ಹದದಲ್ಲಿ ತುಳಿದು ತುದಿ ಮುಟ್ತಾರೆ. ಮೊದಲನೆಯವರು ತಮ್ಮ ಥ್ರೆಶೋಲ್ಡ್ ದಾಟಿ ಹೊರಟರು, ಎರಡನೆಯವರು ಅದರ ಅಂಚಲ್ಲೇ ಉಳಿದರು. ಆ ಅಂಚು ನಿಮಗೆ ಎಲ್ಲಿದೆ ಅಂತ ಅಳೆಯೋದು, ಅಳೆದ ಮೇಲೆ ಅದನ್ನ ಮೇಲಕ್ಕೆ ತಳ್ಳೋದು, ಇವತ್ತು ಇವೆರಡೇ ವಿಷಯ.

[ತೆರೆಯ ಮೇಲೆ: ಏರುತ್ತಾ ಹೋಗಿ ಒಂದು ಕಡೆ ಥಟ್ಟನೆ ಮೇಲೇಳುವ ಗೆರೆ]

ಸ್ನಾಯು ಸಕ್ಕರೆಯನ್ನ ಒಡೆದು ಶಕ್ತಿ ತಗೊಳ್ಳುವಾಗ ಲ್ಯಾಕ್ಟೇಟ್ ಹುಟ್ಟುತ್ತೆ. ಸುಮ್ಮನೆ ಕೂತಾಗಲೂ ರಕ್ತದಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್ ಇದ್ದೇ ಇರುತ್ತೆ. ಇದನ್ನ ವಿಷ ಅಂತ ನೋಡೋದು ಹಳೇ ತಪ್ಪು. ಹೃದಯ, ಯಕೃತ್ತು, ನಿಧಾನವಾಗಿ ದಣಿಯೋ ಸ್ನಾಯು ಎಳೆಗಳು ಇದನ್ನೇ ಇಂಧನವಾಗಿ ಬಳಸ್ತವೆ. ಅಮೆರಿಕದ ವಿಜ್ಞಾನಿ ಜಾರ್ಜ್ ಬ್ರೂಕ್ಸ್ 1980ರ ದಶಕದಲ್ಲೇ ಇದನ್ನ ವಿವರಿಸಿದ್ದಾರೆ. ಮಾರನೇ ದಿನದ ಮೈಕೈ ನೋವಿಗೂ ಇದಕ್ಕೂ ಸಂಬಂಧ ಇಲ್ಲ, ಗಂಟೆ ಎರಡು ಗಂಟೆಯೊಳಗೆ ಲ್ಯಾಕ್ಟೇಟ್ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತೆ.

ತುಳಿತ ಜೋರಾದಂತೆ ಎರಡು ತಿರುವು ಬರ್ತವೆ. ಮೊದಲನೆಯದು ಸುಮಾರು 2 ಮಿಲಿಮೋಲ್ ಹತ್ತಿರ. ಅಲ್ಲಿವರೆಗೂ ಪೂರ್ತಿ ವಾಕ್ಯ ಮಾತಾಡ್ಬಹುದು. ಎರಡನೆಯದು ಸಾಮಾನ್ಯವಾಗಿ 4ರ ಆಸುಪಾಸು, ಆದರೆ ಒಬ್ಬರಿಂದ ಒಬ್ಬರಿಗೆ ತುಂಬಾ ವ್ಯತ್ಯಾಸ. ಅಲ್ಲಿಂದಾಚೆ ಹುಟ್ಟುವಷ್ಟನ್ನ ದೇಹ ಖರ್ಚು ಮಾಡೋಕೆ ಆಗಲ್ಲ. ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳ್ಕೊಬೇಕಾಗುತ್ತೆ. ನಾವು ಹುಡುಕ್ತಿರೋ ಲ್ಯಾಕ್ಟೇಟ್ ಥ್ರೆಶೋಲ್ಡ್ ಅಂದ್ರೆ ಈ ಎರಡನೇ ತಿರುವು.

ಲ್ಯಾಬಲ್ಲಾದರೆ ಕೆಲವು ನಿಮಿಷಕ್ಕೊಮ್ಮೆ ವ್ಯಾಟ್, ಅಂದ್ರೆ ತುಳಿತದ ಶಕ್ತಿ, ಏರಿಸಿ, ಬೆರಳಿಂದಲೋ ಕಿವಿಯಿಂದಲೋ ರಕ್ತದ ಹನಿ ತೆಗೀತಾರೆ. ಮನೆಯಲ್ಲಿ ಲ್ಯಾಕ್ಟೇಟ್ ಮೀಟರ್ ಇಟ್ಕೊಂಡು ಮಾಡೋರು ಒಂದು ಮಾತು ನೆನಪಿಡಿ: ಬೆವರಲ್ಲೂ ಲ್ಯಾಕ್ಟೇಟ್ ಇರುತ್ತೆ. ಚರ್ಮ ಒರೆಸದೆ ಚುಚ್ಚಿದರೆ ಅಂಕಿ ಸುಳ್ಳಾಗಿ ಮೇಲೆ ಬರುತ್ತೆ.

ಉಳಿದವರಿಗೆ 30 ನಿಮಿಷದ ರಸ್ತೆ ಟೆಸ್ಟ್ ಸಾಕು. ಗರಿಷ್ಠ ಹಾರ್ಟ್‌ರೇಟ್ ಊಹಿಸೋಕೆ 220ರಿಂದ ವಯಸ್ಸು ಕಳೆಯೋ ಲೆಕ್ಕ ಮಾತ್ರ ದಯವಿಟ್ಟು ಬೇಡ. ಒಂದೇ ವಯಸ್ಸಿನ ಇಬ್ಬರ ಗರಿಷ್ಠ ಹಾರ್ಟ್‌ರೇಟಲ್ಲಿ 20 ಬಡಿತದಷ್ಟು ಅಂತರ ಇರಬಹುದು. 40 ದಾಟಿದವರು, ಬಿಪಿ ಅಥವಾ ಎದೆನೋವಿನ ಇತಿಹಾಸ ಇರೋರು, ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ.

[ದೃಶ್ಯ: ಬುಡದಿಂದ ಕಾಣುವ ಏರು ರಸ್ತೆ]

ನಂದಿನೇ ಯಾಕೆ? ಈ ಏರು ಸುಮಾರು ಏಳೂವರೆ ಕಿಲೋಮೀಟರ್. ಬಹಳಷ್ಟು ಹವ್ಯಾಸಿಗಳು ಇಲ್ಲಿ ಗಂಟೆಗೆ 10ರಿಂದ 12 ಕಿಲೋಮೀಟರಲ್ಲಿ ಹತ್ತುತಾರೆ, ಅಂದ್ರೆ 30 ನಿಮಿಷಕ್ಕೆ 5-6 ಕಿಲೋಮೀಟರ್. ಹಾಗಾಗಿ ಟೆಸ್ಟ್ ಪೂರ್ತಿ ಏರಲ್ಲೇ ಮುಗಿಯುತ್ತೆ, ಪೆಡಲ್ ಬಿಡೋ ಪ್ರಸಂಗ ಬರಲ್ಲ. ಬಯಲಲ್ಲಿ ಇದೇ ಟೆಸ್ಟಿಗೆ 14-15 ಕಿಲೋಮೀಟರ್ ಖಾಲಿ ರಸ್ತೆ ಬೇಕು. ಊರಿಗೆರಡು ಹಂಪು, ನಾಯಿ, ಸುಗ್ಗಿ ಕಾಲದಲ್ಲಿ ರಸ್ತೆ ಮೇಲೇ ಹರಡಿದ ರಾಗಿ ತೆನೆ, ಹುರುಳಿ. ಆಷಾಢದ ಗಾಳಿ ಎದುರಾದರೆ ವೇಗಕ್ಕೆ ಅರ್ಥವೇ ಉಳಿಯಲ್ಲ. ಶನಿವಾರ, ಭಾನುವಾರ ಮಾತ್ರ ನಂದಿಯಲ್ಲಿ ಟೆಸ್ಟ್ ಬೇಡ. ಕಾರುಗಳ ಸಾಲಲ್ಲಿ ಸಿಕ್ಕಿಕೊಂಡರೆ ಮುಗೀತು. ವಾರದ ನಡುವೆ, ಬೆಳಗ್ಗೆ ಬೇಗ ಬನ್ನಿ. ಏಪ್ರಿಲ್‌ನಲ್ಲಿ ಬಿಸಿಲೇರಿದ ಮೇಲೆ ಮಾಡಿದ ಟೆಸ್ಟನ್ನ ಡಿಸೆಂಬರ್‌ ಮುಂಜಾವಿನ ಟೆಸ್ಟ್ ಜೊತೆ ಹೋಲಿಸೋಕಾಗಲ್ಲ, ಸೆಖೆಗೇ ಹಾರ್ಟ್‌ರೇಟ್ ಏರುತ್ತೆ.

[ತೆರೆಯ ಮೇಲೆ: ಎದೆಪಟ್ಟಿ, ಗೇರ್, ಲ್ಯಾಪ್ ಗುಂಡಿ]

ಕೈಗಡಿಯಾರದ ಸೆನ್ಸರ್ ನಂಬಬೇಡಿ. ಹ್ಯಾಂಡಲ್ ಅದುರುವಾಗ, ಮಣಿಕಟ್ಟು ಮಡಿಚಿದಾಗ ಅದು ತಪ್ಪು ಓದುತ್ತೆ. ಎದೆಪಟ್ಟಿಯ ಒಳಭಾಗ ನೀರಲ್ಲಿ ಒದ್ದೆ ಮಾಡಿ ಕಟ್ಟಿ. ಸೈಕಲ್ ಕಂಪ್ಯೂಟರಲ್ಲಿ ಆಟೋ ಪಾಝ್ (ನಿಂತಾಗ ತಾನೇ ಎಣಿಕೆ ನಿಲ್ಲಿಸೋದು), ಆಟೋ ಲ್ಯಾಪ್ (ತಾನೇ ಸವಾರಿಯನ್ನ ಭಾಗ ಮಾಡೋದು) ಎರಡೂ ಆಫ್. ತುಳಿತದ ವ್ಯಾಟ್ ಅಳೆಯೋ ಪವರ್ ಮೀಟರ್ ಇದ್ದರೆ ಹೊರಗಿನ ತಂಪಿಗೆ ಹತ್ತು ನಿಮಿಷ ಬಿಟ್ಟು, ಆಮೇಲೆ ಝೀರೊ ಮಾಡಿ.

ಗೇರ್ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಟೆಸ್ಟ್ ಹಾಳಾಗೋದು ಇಲ್ಲೇ ಜಾಸ್ತಿ. ಮುಂದಿನ ಗೇರ್ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28 ಇದ್ದರೆ ಗಂಟೆಗೆ 10 ಕಿಲೋಮೀಟರಲ್ಲಿ ಪೆಡಲ್ ನಿಮಿಷಕ್ಕೆ 65 ಸುತ್ತು ಬರುತ್ತೆ. ಹಿಂದೆ 32 ಇದ್ದರೆ 75. ಸುತ್ತು ತೀರಾ ಕಮ್ಮಿಯಾದಾಗ ಹೃದಯ, ಉಸಿರು ತಮ್ಮ ಮಿತಿ ಮುಟ್ಟುವ ಮೊದಲೇ ತೊಡೆ ಸೋಲುತ್ತೆ. ಸಿಗೋ ಹಾರ್ಟ್‌ರೇಟ್ ನಿಮ್ಮ ನಿಜವಾದ ಥ್ರೆಶೋಲ್ಡಿಗಿಂತ ಕೆಳಗಿರುತ್ತೆ. ಹಿಂದಿನ ಕ್ಯಾಸೆಟ್, ಅಂದ್ರೆ ಗೇರ್ ಚಕ್ರಗಳ ಗುಚ್ಛ, 32 ಹಲ್ಲಿಗೆ ಬದಲಾಯಿಸೋ ಖರ್ಚು ಖಂಡಿತ ಸಾರ್ಥಕ.

ರಾತ್ರಿ ಮುದ್ದೆ ಉಂಡ್ರೆ ತೊಂದರೆ ಇಲ್ಲ. ಬೆಳಗ್ಗೆ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ಸಾಕು. ಕಾಫಿ ಕುಡಿಯೋ ಅಭ್ಯಾಸ ಇದ್ದರೆ ಪ್ರತಿ ಟೆಸ್ಟಿಗೂ ಅಷ್ಟೇ ಕುಡೀರಿ. ಹಿಂದಿನ ಎರಡು ದಿನ ಜೋರು ಸವಾರಿ ಬೇಡ.

[ದೃಶ್ಯ: ಸವಾರರು ಹೊರಡುತ್ತಾರೆ. ಮೂಲೆಯಲ್ಲಿ ಓಡುವ ಗಡಿಯಾರ.]

ಬುಡದ ಸಮತಟ್ಟು ರಸ್ತೆಯಲ್ಲಿ 20 ನಿಮಿಷ ಹಗುರವಾಗಿ ತುಳಿದು ಮೈ ಬಿಸಿ ಮಾಡ್ಕೊಳ್ಳಿ. ಅದರಲ್ಲಿ ಮೂರು ಸಲ, ಒಂದೊಂದು ನಿಮಿಷ, ಚಿಕ್ಕ ಗೇರಲ್ಲಿ ಬೇಗ ಬೇಗ ತುಳೀರಿ. ಐದು ನಿಮಿಷ ಸುಧಾರಿಸ್ಕೊಂಡು ಹೊರಡಿ.

ಮೊದಲ 5 ನಿಮಿಷ "ಇಷ್ಟು ನಿಧಾನವಾ" ಅನ್ನಿಸ್ಬೇಕು. ಹಾಗೆ ಅನ್ನಿಸದೇ ಇದ್ದರೆ ನೀವು ಆಗಲೇ ಜಾಸ್ತಿ ಹೋಗ್ತಿದ್ದೀರಿ. ಹಾರ್ಟ್‌ರೇಟ್ ಶ್ರಮದ ಹಿಂದೆ ಎರಡು ಮೂರು ನಿಮಿಷ ತಡವಾಗಿ ಬರೋದರಿಂದ ಈ ಹೊತ್ತಲ್ಲಿ ಅದನ್ನ ನೋಡಿ ಗತಿ ಕಟ್ಟಬೇಡಿ. 10ನೇ ನಿಮಿಷಕ್ಕೆ ಕಂಪ್ಯೂಟರಿನ ಲ್ಯಾಪ್ ಗುಂಡಿ ಒತ್ತಿ, ಮುಂದಿನ ಭಾಗದ ಸರಾಸರಿ ಬೇರೆಯಾಗಿ ಸಿಗುತ್ತೆ. ಅಲ್ಲಿಂದ 20 ನಿಮಿಷ, ಕೊನೆವರೆಗೂ ಹಿಡಿದಿಡೋಕೆ ಆಗುವಷ್ಟು ಜೋರು. 30ಕ್ಕೆ ಮತ್ತೆ ಗುಂಡಿ ಒತ್ತಿ, ಎಲ್ಲಿಗೆ ತಲುಪಿದ್ರಿ ಅಂತ ಗುರುತು ಇಟ್ಕೊಳ್ಳಿ: ಒಂದು ತಿರುವು, ಒಂದು ತಡೆಗೋಡೆ, ಯಾವುದಾದರೂ. ಆ ಗುರುತು ಆಮೇಲೆ ಬೇಕಾಗುತ್ತೆ. ಇಳಿಯುವಾಗ ವಿಂಡ್‌ಚೀಟರ್ ಹಾಕಿ. ಬೆವರಿದ ಮೈಗೆ ಚಳಿ ಹೊಡೆದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿತ ತಪ್ಪುತ್ತೆ. ಕೋತಿಗಳೂ ರಸ್ತೆಗೆ ಹಾರ್ತವೆ.

ಆ ಕೊನೆಯ 20 ನಿಮಿಷದ ಸರಾಸರಿ ಹಾರ್ಟ್‌ರೇಟೇ ನಿಮ್ಮ ಥ್ರೆಶೋಲ್ಡ್ ಹಾರ್ಟ್‌ರೇಟ್. ವ್ಯಾಟ್ ಬೇಕಾದರೆ ಪೂರ್ತಿ 30 ನಿಮಿಷದ ಸರಾಸರಿ ತಗೊಳ್ಳಿ. ಅಷ್ಟರೊಳಗೆ ತುದಿ ಮುಟ್ಟಿಬಿಡೋ ಗಟ್ಟಿಗರು 20 ನಿಮಿಷದ ಟೆಸ್ಟ್ ಮಾಡಿ, ಸರಾಸರಿಯ 95% ಹಿಡೀರಿ. 220 ವ್ಯಾಟ್ ಬಂದರೆ 209.

[ತೆರೆಯ ಮೇಲೆ: 168ರ ಉದಾಹರಣೆ]

168 ಬಂತು ಅಂದ್ಕೊಳ್ಳಿ. ಅದರ 81ರಿಂದ 89%, ಅಂದ್ರೆ 136ರಿಂದ 150, ನಿಮ್ಮ ದೂರದ ಸವಾರಿಯ ಹದ. 94ರಿಂದ 99%, ಅಂದ್ರೆ 158ರಿಂದ 166, ಥ್ರೆಶೋಲ್ಡ್ ತರಬೇತಿಯ ಹದ. ಗಮನಿಸಿ, 168ರ ಕೆಳಗೇ ಇದೆ. ಗೆರೆ ದಾಟಿ ತುಳಿದ್ರೆ ಬೇಗ ಫಲ ಸಿಗುತ್ತೆ ಅನ್ನೋದು ತಪ್ಪು. ಇಂಟರ್ವಲ್ ಅಂದ್ರೆ ನಡುನಡುವೆ ವಿಶ್ರಾಂತಿ ಬಿಟ್ಟು ಮಾಡೋ ಜೋರು ತುಳಿತ; 10 ನಿಮಿಷದ ಮೂರು ಮಾಡುವಾಗ ಮೊದಲನೆಯದರಲ್ಲೇ 172 ಮುಟ್ಟಿದೋರಿಗೆ ಮೂರನೆಯದು ಅರ್ಧಕ್ಕೇ ನಿಲ್ಲುತ್ತೆ. ಒಟ್ಟು 30 ನಿಮಿಷ ಸಿಗಬೇಕಿದ್ದ ಕೆಲಸ 25ಕ್ಕೆ ಮುಗಿಯುತ್ತೆ, ದಣಿವು ಮಾತ್ರ ಎರಡರಷ್ಟು.

ತರಬೇತಿಗೂ ನಂದಿ ಏರಿನ ಕೆಳಭಾಗ ಹೇಳಿ ಮಾಡಿಸಿದಂಗಿದೆ. 10 ನಿಮಿಷ ಹತ್ತಿ, ತಿರುಗಿ ನಿಧಾನವಾಗಿ ಬುಡಕ್ಕೆ ಇಳೀರಿ. ಇಳಿಯೋದಕ್ಕೆ ಹಿಡಿಯೋ ಐದಾರು ನಿಮಿಷವೇ ನಿಮ್ಮ ವಿಶ್ರಾಂತಿ. ಹೀಗೆ ಮೂರು ಸಲ. ಮೊದಲ ಎರಡು ವಾರ ಇಷ್ಟೇ. ಮೂರನೇ ವಾರ 12 ನಿಮಿಷದ ಮೂರು, ನಾಲ್ಕನೇ ವಾರ ಹಗುರ, ಐದನೇ ವಾರದಿಂದ 15 ನಿಮಿಷದ ಎರಡು, ಆಮೇಲೆ 20 ನಿಮಿಷದ ಎರಡು. ವಾರಕ್ಕೆ ಎರಡು ದಿನ ಸಾಕು, ನಡುವೆ 48 ಗಂಟೆ ಬಿಡಿ. ಉಳಿದ ಸವಾರಿ 150ರ ಕೆಳಗೆ. ಗುಂಪು ಸವಾರಿಯಲ್ಲಿ ದಿನಾ ಒಬ್ಬರ ಹಿಂದೆ ಒಬ್ಬರು ಓಡಿದರೆ ಈ ಹಗುರ ದಿನಗಳು ಕಳೆದುಹೋಗ್ತವೆ. ತಿಂಗಳುಗಟ್ಟಲೆ ಅಂಕಿ ಕದಲದೇ ಇರೋದಕ್ಕೆ ಸಾಮಾನ್ಯ ಕಾರಣ ಇದೇ.

ಪವರ್ ಮೀಟರ್ ಇರೋರು ಇನ್ನೊಂದು ನೋಡ್ಕೊಳ್ಳಿ. ಅದೇ ವ್ಯಾಟಿಗೆ ಕೊನೆಯ ಇಂಟರ್ವಲಲ್ಲಿ ಹಾರ್ಟ್‌ರೇಟ್ 5%ಗಿಂತ ಜಾಸ್ತಿ ಏರಿದರೆ ನೀರು ಕಮ್ಮಿಯಾಗಿದೆ, ಸೆಖೆ ಜಾಸ್ತಿಯಾಗಿದೆ, ಇಲ್ಲವೇ ಆ ಉದ್ದಕ್ಕೆ ನೀವಿನ್ನೂ ತಯಾರಿಲ್ಲ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಚಿಟಿಕೆ ಉಪ್ಪು ಹಾಕಿ. ಅಷ್ಟಾದರೂ ಏರುತ್ತಿದ್ದರೆ ಹಿಂದಿನ ವಾರದ ಉದ್ದಕ್ಕೇ ಮರಳಿ.

[ದೃಶ್ಯ: ಅದೇ ತಿರುವು, ಬೇರೆ ದಿನ]

ಆರರಿಂದ ಎಂಟು ವಾರದ ಮೇಲೆ ಅದೇ ಹೊತ್ತಿಗೆ, ಅದೇ ಸೈಕಲಲ್ಲಿ ಮತ್ತೆ ಟೆಸ್ಟ್. ಥ್ರೆಶೋಲ್ಡ್ ಹಾರ್ಟ್‌ರೇಟ್ ಹೆಚ್ಚು ಕಮ್ಮಿ ಅಷ್ಟೇ ಇರಬಹುದು, ಗಾಬರಿ ಬೇಡ. ಏರಲ್ಲಿ ಗಾಳಿಯ ಪಾತ್ರ ಕಮ್ಮಿ, ಶ್ರಮ ಬಹುಪಾಲು ತೂಕ ಎತ್ತೋದಕ್ಕೇ ಹೋಗುತ್ತೆ. ಹಾಗಾಗಿ ಮೈತೂಕ ಬದಲಾಗದೇ ಇದ್ದು, ಅದೇ 168ಕ್ಕೆ 30ನೇ ನಿಮಿಷದಲ್ಲಿ ಹಳೇ ಗುರುತಿಗಿಂತ 200 ಮೀಟರ್ ಮೇಲಿದ್ದರೆ, ಪವರ್ ಮೀಟರ್ ಇಲ್ಲದೇ ಇದ್ದರೂ ನಿಮ್ಮ ಥ್ರೆಶೋಲ್ಡ್ ಮೇಲೇರಿದ್ದು ಅಲ್ಲಿ ರಸ್ತೆ ಮೇಲೇ ಕಾಣುತ್ತೆ.