47 ವರ್ಷಕ್ಕೆ ಎಣ್ಣೆ ಮುಗಿಯುತ್ತಾ? ಕ್ಯಾಲ್ಕುಲೇಟರ್ ಕೆಳಗಿಡಿ ಗುರುಗಳೇ

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. ಹೆಸರು ಬೇಡ. ಓದುತ್ತೇನೆ, ಕೇಳಿ.

"ಸರ್, ಸುಮ್ನೆ ಸುತ್ತಿ ಬಳಸಿ ಮಾತಾಡ್ತೀರಾ. ಜಗತ್ತಲ್ಲಿ ಇರೋದು 1.7 ಲಕ್ಷ ಕೋಟಿ ಬ್ಯಾರೆಲ್. ದಿನಕ್ಕೆ ಉರಿಸೋದು 10 ಕೋಟಿ ಬ್ಯಾರೆಲ್. ಭಾಗಿಸಿ ನೋಡಿ, 47 ವರ್ಷಕ್ಕೆ ಎಣ್ಣೆ ಖಾಲಿ. ಇಷ್ಟು ಹೇಳೋಕೆ ಒಂದು ವಿಡಿಯೋ ಬೇಕಾ?"

ನನ್ನ ವಿಡಿಯೋಗಿಂತ ಆ ಕಮೆಂಟಿಗೇ ಜಾಸ್ತಿ ಲೈಕ್ ಬಿದ್ದಿದೆ. ಹೊಟ್ಟೆ ಉರಿಯುತ್ತಾ ಅಂದರೆ, ಹೌದು, ಉರಿಯುತ್ತದೆ.

ಭಾಗಾಕಾರದಲ್ಲಿ ತಪ್ಪಿಲ್ಲ. ದಿನಕ್ಕೆ 10 ಕೋಟಿ ಅಂದರೆ ವರ್ಷಕ್ಕೆ 3,650 ಕೋಟಿ ಬ್ಯಾರೆಲ್. 1.7 ಲಕ್ಷ ಕೋಟಿಯನ್ನು ಅದರಿಂದ ಭಾಗಿಸಿದರೆ 46 ಚಿಲ್ಲರೆ ಬರುತ್ತದೆ. ಉತ್ತರ ಸರಿ, ಪ್ರಶ್ನೆಯೇ ದಂಡ. ಎಷ್ಟು ಉಳಿದಿದೆ ಎಂದು ಕೇಳಿ ಏನು ಪ್ರಯೋಜನ? ದಿನಕ್ಕೆ ಎಷ್ಟು ಮೇಲೆ ಬರುತ್ತದೆ, ಯಾವ ರೇಟಿಗೆ ಬರುತ್ತದೆ? ಕೇಳಬೇಕಾದ್ದು ಇವೆರಡೇ. ಇವತ್ತು ಇದನ್ನೇ ಹೇಳುತ್ತೇನೆ. ಬೋರ್ ಆದರೂ ಹೇಳುತ್ತೇನೆ. ಚಾನೆಲ್ ನನ್ನದು.

ಇದೇ ಕ್ಯಾಲ್ಕುಲೇಟರ್ ಹಿಡಿದುಕೊಂಡು 1980ಕ್ಕೆ ಹೋಗೋಣ. ಆಗ ಜಗತ್ತಿನ ಸಾಬೀತಾದ ನಿಕ್ಷೇಪ ಸುಮಾರು 68,000 ಕೋಟಿ ಬ್ಯಾರೆಲ್. ಆಗಿನ ಉತ್ಪಾದನೆಯಿಂದ ಭಾಗಿಸಿದರೆ 30 ವರ್ಷ. ಅಂದರೆ 2010ಕ್ಕೆ ಬಂಕ್‌ಗಳಿಗೆಲ್ಲ ಬೀಗ ಬೀಳಬೇಕಿತ್ತು. ಆಗಿದ್ದೇನು? 1980ರಿಂದ 2020ರ ತನಕ ನಾವು 1 ಲಕ್ಷ ಕೋಟಿ ಬ್ಯಾರೆಲ್‌ಗೂ ಜಾಸ್ತಿ ಉರಿಸಿದೆವು. ಇದ್ದದ್ದಕ್ಕಿಂತ ಹೆಚ್ಚು ಖರ್ಚು ಮಾಡಿದೆವು. ಆಮೇಲೆ ನೋಡಿದರೆ ಉಳಿದದ್ದು ಮೊದಲಿದ್ದುದರ ಎರಡು ಪಟ್ಟಿಗೂ ಮೇಲೆ! ಯಾವ ಭಾಗಾಕಾರದಲ್ಲಿ ಹೀಗಾಗುತ್ತದೆ, ನೀವೇ ಹೇಳಿ.

ಸಾಬೀತಾದ ನಿಕ್ಷೇಪ ಅಂದರೆ ಭೂಮಿಯೊಳಗೆ ಇರುವ ಎಣ್ಣೆಯೆಲ್ಲ ಅಲ್ಲ. ಈಗಿನ ತಂತ್ರಜ್ಞಾನದಲ್ಲಿ, ಈಗಿನ ರೇಟಿನಲ್ಲಿ, ತೆಗೆದರೆ ಕೈಕಚ್ಚುವುದಿಲ್ಲ ಎಂದು ಸಾಕಷ್ಟು ಖಾತ್ರಿಯಾಗಿ ಹೇಳಬಹುದಾದ ಭಾಗ ಮಾತ್ರ. ರೇಟ್ ಏರಿದರೆ ನಿಕ್ಷೇಪವೂ ಏರುತ್ತದೆ. ರೇಟ್ ಬಿದ್ದರೆ ಅದೂ ಕರಗುತ್ತದೆ. ಕೆಳಗಿನ ಎಣ್ಣೆ ಮಾತ್ರ ಕೂತ ಜಾಗದಿಂದ ಒಂದಿಂಚೂ ಅಲ್ಲಾಡಿರುವುದಿಲ್ಲ.

ಅಂದ ಹಾಗೆ, ಎಣ್ಣೆ ಅಂದಾಗಲೆಲ್ಲ ಕಮೆಂಟಿನಲ್ಲಿ ಬಾಟಲಿ ಇಮೋಜಿ ಹಾಕುವ ದೊಡ್ಡ ಮನುಷ್ಯರೇ, ನಿಮ್ಮನ್ನೂ ಗಮನಿಸಿದ್ದೇನೆ. ಕಚ್ಚಾ ತೈಲ ಅಂತಲೇ ಹೇಳಬಹುದಿತ್ತು. ಆದರೆ ಎಣ್ಣೆ ಅಂದರೆ ವಿಡಿಯೋ ಜಾಸ್ತಿ ಓಡುತ್ತದೆ.

ಈಗ ಒಂದು ಕಲ್ಲು ನೋಡೋಣ. ಸ್ಕ್ರೀನ್ ಮೇಲೆ ಇದೆಯಲ್ಲ, ಇದು ಮರಳುಗಲ್ಲು. ಬರಿಗಣ್ಣಿಗೆ ಗಟ್ಟಿ ಕಲ್ಲು, ತಲೆಗೆ ಹೊಡೆದರೆ ಬುರುಡೆ ಬಿಚ್ಚುತ್ತದೆ. ಮೇಲೆ ಒಂದು ಹನಿ ನೀರು ಬಿಟ್ಟರೆ ಮಾತ್ರ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಭೂತಗನ್ನಡಿ ಹಿಡಿದರೆ ಗುಟ್ಟು ಗೊತ್ತಾಗುತ್ತದೆ: ಮರಳಿನ ಕಾಳು, ಕಾಳು, ಕಾಳು, ನಡುನಡುವೆ ಸಣ್ಣ ಸಂದಿ. ಎಣ್ಣೆ ಇರುವುದು ಆ ಸಂದಿಗಳಲ್ಲಿ, ಉಪ್ಪುನೀರು ಮತ್ತು ಗ್ಯಾಸ್ ಜೊತೆ, ಮೇಲಿನ ಭೂಮಿಯ ಭಾರಕ್ಕೆ ಅದುಮಿಕೊಂಡು. ಕೆಳಗೆ ಕೆರೆ ಇದೆ, ಪೈಪ್ ಇಳಿಸಿ ಹೀರುತ್ತಾರೆ ಅಂತ ತಿಳಿದವರು ಈಗಲೇ ಆ ಚಿತ್ರ ಅಳಿಸಿ. ಕೆರೆಯೂ ಇಲ್ಲ, ಬಾನಿಯೂ ಇಲ್ಲ.

ಬಾವಿ ಕೊರೆದಾಗ ಮೊದಮೊದಲು ಒಳಗಿನ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ದೂಡುತ್ತದೆ. ಒತ್ತಡ ಇಳಿದಂತೆ ಹರಿವು ಇಳಿಯುತ್ತದೆ. ಆಗ ಪಕ್ಕದ ಬಾವಿಯಿಂದ ನೀರು ತುಂಬಿಸಿ ತಳ್ಳುತ್ತಾರೆ. ಅದೂ ಸಾಲದಿದ್ದರೆ ಗ್ಯಾಸ್, ಇಂಗಾಲದ ಡೈಆಕ್ಸೈಡ್, ಹಬೆ. ಇಷ್ಟೆಲ್ಲ ಸರ್ಕಸ್ ಮಾಡಿದ ಮೇಲೂ ಸರಾಸರಿ ಮೇಲೆ ಬರುವುದು ಮೂರನೇ ಒಂದು ಭಾಗದ ಆಸುಪಾಸು. ಮಿಕ್ಕದ್ದು ಆ ಸಂದಿಗೇ ಅಂಟಿಕೊಂಡು ಉಳಿಯುತ್ತದೆ. ಆದ್ದರಿಂದ "ಕೊನೆಯ ಹನಿ" ಎಂಬುದು ಯಾವತ್ತೂ ಬರುವುದಿಲ್ಲ. ಹರಿವು ಇಳಿಯುತ್ತಾ, ಖರ್ಚು ಏರುತ್ತಾ, ಒಂದು ದಿನ ಅಕೌಂಟೆಂಟ್ ಬಂದು ಸಾಕು ಮುಚ್ಚಿ ಅನ್ನುತ್ತಾನೆ. ಬಾವಿಗೆ ಸಾಯುವ ದಿನ ಗೊತ್ತು ಮಾಡುವವನು ಅವನು.

ಅದಕ್ಕೇ ಕೇಳುವುದು: ದಿನಕ್ಕೆ ಎಷ್ಟು, ಯಾವ ರೇಟಿಗೆ?

"ಆದರೆ ಸರ್, ಅಧಿಕೃತ ಅಂಕಿ ಅಂಶ ಇದೆಯಲ್ಲ?" ಇದೆ ಇದೆ. ಆ ಅಧಿಕೃತದ ಕಥೆ ಹೇಳದೆ ಬಿಡುವುದುಂಟೇ!

1986ರಲ್ಲಿ ಯುಎಇ ತನ್ನ ನಿಕ್ಷೇಪವನ್ನು 3,300 ಕೋಟಿ ಬ್ಯಾರೆಲ್ ಆಸುಪಾಸಿನಿಂದ 9,700 ಕೋಟಿಗೆ ಏರಿಸಿತು. 1987ರಲ್ಲಿ ಇರಾಕ್ ಸರಿಯಾಗಿ 10,000 ಕೋಟಿ ಅಂತ ಬರೆಯಿತು. ಎಷ್ಟು ದುಂಡಗಿನ ಸಂಖ್ಯೆ ನೋಡಿ, ಭೂಮಿತಾಯಿ ಕೂತು ಲೆಕ್ಕ ಹಾಕಿ ತುಂಬಿಸಿದ ಹಾಗೆ. 1988ರಲ್ಲಿ ಸೌದಿ ಅರೇಬಿಯಾ 17,000 ಕೋಟಿಯಿಂದ ಸುಮಾರು 25,500 ಕೋಟಿಗೆ ಹಾರಿತು. ಕುವೈತ್, ಇರಾನ್, ವೆನೆಜುವೆಲಾ ಎಲ್ಲರದ್ದೂ ಅದೇ ದಶಕದಲ್ಲಿ ಏರಿತು. ಅಷ್ಟು ದೊಡ್ಡ ಹೊಸ ತೈಲಕ್ಷೇತ್ರಗಳು ಸಿಕ್ಕವಾ? ಇಲ್ಲ. ಎಣ್ಣೆ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಒಳಗೆ ಯಾರು ಎಷ್ಟು ತೆಗೆಯಬೇಕು ಎಂಬ ಕೋಟಾ ಜಗಳ ನಡೆಯುತ್ತಿದ್ದ ಕಾಲ ಅದು. ನಿಕ್ಷೇಪ ದೊಡ್ಡದಾದರೆ ಕೋಟಾ ಕೇಳುವ ಬಾಯಿಯೂ ದೊಡ್ಡದು. ಹಳೆಯ ಲೆಕ್ಕ ತೀರಾ ಕಡಿಮೆ ಇತ್ತು, ಸರಿಪಡಿಸಿದೆವು ಎಂದು ಆ ದೇಶಗಳ ಪರ ವಾದ ಮಾಡುವವರಿದ್ದಾರೆ. ಸ್ವಲ್ಪ ನಿಜವೂ ಇರಬಹುದು. ಆದರೆ ಆಮೇಲೆ ವರ್ಷಗಟ್ಟಲೆ ಎಣ್ಣೆ ತೆಗೆದರೂ ಕೆಲವರ ಸಂಖ್ಯೆ ಕದಲಲೇ ಇಲ್ಲ. ಅಕ್ಷಯ ಪಾತ್ರೆ ದ್ರೌಪದಿಗೆ ಮಾತ್ರ ಸಿಕ್ಕಿತ್ತು ಅಂದುಕೊಂಡಿದ್ದೆ.

ಇದಕ್ಕೆ ತದ್ವಿರುದ್ಧದ್ದೂ ಉಂಟು. 2004ರ ಜನವರಿಯಲ್ಲಿ ಶೆಲ್ ಕಂಪನಿ ತನ್ನ ಸಾಬೀತಾದ ನಿಕ್ಷೇಪದಲ್ಲಿ 20 ಪರ್ಸೆಂಟ್ ಹೊಡೆದು ಹಾಕಿತು. 390 ಕೋಟಿ ಬ್ಯಾರೆಲ್, ಒಂದೇ ಪ್ರಕಟಣೆಯಲ್ಲಿ ಮಾಯ. ಚೇರ್ಮನ್ ಮನೆಗೆ ಹೋಗಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು ಕೆನಡಾದ್ದು ಉಲ್ಟಾ: ಆಲ್ಬರ್ಟಾ ಪ್ರಾಂತ್ಯದ ಟಾರ್ ಮರಳನ್ನೂ, ಅಂದರೆ ಡಾಂಬರಿನಂಥ ಎಣ್ಣೆ ಮೆತ್ತಿಕೊಂಡ ಮರಳನ್ನೂ, ಲೆಕ್ಕಕ್ಕೆ ಸೇರಿಸಿದ್ದರಿಂದ 490 ಕೋಟಿ ಇದ್ದದ್ದು 18,000 ಕೋಟಿ ಆಯಿತು. ಆ ಮರಳು ಕೋಟ್ಯಂತರ ವರ್ಷದಿಂದ ಅಲ್ಲೇ ಇತ್ತು ಸ್ವಾಮಿ. ಬದಲಾದದ್ದು ಪಟ್ಟಿ. ಈ ಪಟ್ಟಿಯನ್ನು ಕೂಡಿಸಿ, ದಿನಕ್ಕೆ 10 ಕೋಟಿಯಿಂದ ಭಾಗಿಸಿ, ಮಕ್ಕಳ ಭವಿಷ್ಯದ ಬಗ್ಗೆ ಕಣ್ಣೀರು ಹಾಕುತ್ತಾರಲ್ಲ, ಅವರನ್ನು ಏನು ಮಾಡೋಣ?

ಸ್ವಲ್ಪ ನೀರು ಕುಡಿಯುತ್ತೇನೆ. ಈ ಗ್ಯಾಪಿನಲ್ಲಿ ನೀವು ಸಬ್‌ಸ್ಕ್ರೈಬ್ ಆಗಬಹುದು. ಕಮೆಂಟ್ ಹಾಕುವವರಲ್ಲಿ ಅರ್ಧ ಜನ ಸಬ್‌ಸ್ಕ್ರೈಬ್ ಆಗದೇ ಬೈಯುತ್ತಾರೆ. ಬೈಯಿರಿ, ಬೇಡ ಅನ್ನುವುದಿಲ್ಲ, ಒಳಗೆ ಬಂದು ಕೂತು ಬೈಯಿರಿ.

ಈಗ ನನ್ನ ಅತಿ ಪ್ರೀತಿಯ ಉದಾಹರಣೆ. ವೆನೆಜುವೆಲಾ. ಪಟ್ಟಿಯಲ್ಲಿ ಜಗತ್ತಿಗೇ ನಂಬರ್ ಒನ್, 30,300 ಕೋಟಿ ಬ್ಯಾರೆಲ್. 1990ರ ದಶಕದ ಕೊನೆಯಲ್ಲಿ ದಿನಕ್ಕೆ 30 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದ ದೇಶ, 2020ರಲ್ಲಿ ಸುಮಾರು 5 ಲಕ್ಷಕ್ಕೆ ಬಿತ್ತು. ನಿಮ್ಮ ಕ್ಯಾಲ್ಕುಲೇಟರ್ ಕೊಡಿ ಇಲ್ಲಿ. ದಿನಕ್ಕೆ 5 ಲಕ್ಷ ಅಂದರೆ ವರ್ಷಕ್ಕೆ 18.25 ಕೋಟಿ. 30,300 ಭಾಗಿಸು 18.25. ಬಂತಾ? 1,660 ವರ್ಷ! ಆಹಾ! ಪಂಪ್ ಕೆಟ್ಟು, ಇಂಜಿನಿಯರುಗಳು ದೇಶ ಬಿಟ್ಟು, ನಿರ್ಬಂಧ ಬಿದ್ದು, ಉತ್ಪಾದನೆ ಪಾತಾಳಕ್ಕೆ ಇಳಿದಷ್ಟೂ ಇವರ ಸೂತ್ರದಲ್ಲಿ ದೇಶ ಚಿರಂಜೀವಿ ಆಗುತ್ತಾ ಹೋಗುತ್ತದೆ. ಪೂರ್ತಿ ನಿಲ್ಲಿಸಿಬಿಟ್ಟರೆ ಅಮರತ್ವವೇ!

ಅಲ್ಲಿ ಎಣ್ಣೆ ಇಲ್ಲ ಅಂತಲ್ಲ. ಅಲ್ಲಿನ ಒರಿನೊಕೊ ನದಿ ಪಕ್ಕದ ಪ್ರದೇಶದಲ್ಲಿ ಇರುವುದು ಡಾಂಬರಿನಂಥ ಗಟ್ಟಿ ಸರಕು. ಪೈಪಿನಲ್ಲಿ ಹರಿಯಬೇಕಾದರೂ ನಾಫ್ತಾದಂಥ ತೆಳು ಎಣ್ಣೆ ಬೆರೆಸಬೇಕು. ಆ ತೆಳು ಎಣ್ಣೆಯನ್ನೇ ಹೊರಗಿನಿಂದ ತರಿಸಿಕೊಳ್ಳುವ ಗತಿ ಬಂತು ಅವರಿಗೆ. ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಇದೆ, ಎಟಿಎಂ ಮಾತ್ರ ದಿನಕ್ಕೆ ಒಂದೇ ನೋಟು ಕೊಡುತ್ತದೆ ಅಂದರೆ ನೀವು ಶ್ರೀಮಂತರಾ? ದಿನಕ್ಕೆ ಎಷ್ಟು ಗುರುಗಳೇ, ದಿನಕ್ಕೆ ಎಷ್ಟು!

ಇನ್ನೊಂದು ತಂಡ ಈಗ ಬಾಗಿಲಲ್ಲಿ ಕಾಯುತ್ತಿರುತ್ತದೆ. "ಹಾಗಾದರೆ ಎಣ್ಣೆ ಮುಗಿಯುವುದೇ ಇಲ್ಲ ಅಂತಾಯ್ತಲ್ಲ ಸರ್! ಹಬರ್ಟ್ ಹೇಳಿದ್ದೂ ಸುಳ್ಳಾಯ್ತಲ್ಲ!" ಬನ್ನಿ, ನಿಮಗೂ ಇದೆ.

ಶೆಲ್ ಕಂಪನಿಯಲ್ಲಿದ್ದ ಭೂವಿಜ್ಞಾನಿ ಕಿಂಗ್ ಹಬರ್ಟ್, ಅಮೆರಿಕದ ಉತ್ಪಾದನೆ 1965ರಿಂದ 1970ರ ಒಳಗೆ ತುದಿ ಮುಟ್ಟಿ ಇಳಿಯುತ್ತದೆ ಎಂದು 1956ರಲ್ಲಿ ಹೇಳಿದರು. 1970ರಲ್ಲಿ ದಿನಕ್ಕೆ 96 ಲಕ್ಷ ಬ್ಯಾರೆಲ್ ಮುಟ್ಟಿತು, ಇಳಿಯಿತು. 2008ಕ್ಕೆ 50 ಲಕ್ಷ. ಆಮೇಲೆ ಶೇಲ್ ಬಂತು. ಶೆಲ್ ಕಂಪನಿ ಅಲ್ಲ, ಶೇಲ್ ಎಂಬ ಬಿಗಿಯಾದ ಪದರಗಲ್ಲಿನಲ್ಲಿ ಸಿಕ್ಕಿಕೊಂಡ ಎಣ್ಣೆ. ಅಡ್ಡಕ್ಕೆ ಬಾವಿ ಕೊರೆದು, ನೀರು ಮರಳು ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ಕಲ್ಲು ಸೀಳುವುದು. ಫ್ರ್ಯಾಕಿಂಗ್. 2018ರಲ್ಲಿ ಹಳೆಯ ದಾಖಲೆ ಮುರಿಯಿತು, 2023ರಲ್ಲಿ ದಿನಕ್ಕೆ 1.29 ಕೋಟಿ. ಹಬರ್ಟ್ ಗ್ರಾಫ್ ಹಿಡಿದು ನಗುವವರು ಇದನ್ನಷ್ಟೇ ಹೇಳಿ ಎದ್ದು ಹೋಗುತ್ತಾರೆ. ಶೇಲ್ ಬಾವಿಯ ಉತ್ಪಾದನೆ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಬೀಳುವುದು ಮಾಮೂಲು ಎಂದು ಹೇಳುತ್ತಾರಾ? ಇದ್ದಲ್ಲೇ ಇರಬೇಕಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು. ರೇಟ್ ಬಿತ್ತೋ, ಬಾವಿ ಕೊರೆಯುವ ರಿಗ್ ಎತ್ತಿಕೊಂಡು ಮನೆಗೆ.

ದೊಡ್ಡ ತೈಲಕ್ಷೇತ್ರಗಳೇನು ಶಾಶ್ವತವಾ? ಮೆಕ್ಸಿಕೋದ ಕ್ಯಾಂಟರೆಲ್ ನೋಡಿ. 1976ರಲ್ಲಿ ಸಿಕ್ಕಿತು, ಎಣ್ಣೆ ಜಿಡ್ಡನ್ನು ಸಮುದ್ರದ ಮೇಲೆ ಮೊದಲು ಕಂಡ ಮೀನುಗಾರನ ಹೆಸರನ್ನೇ ಇಟ್ಟರು. ನೈಟ್ರೋಜನ್ ತುಂಬಿಸಿ ತುಂಬಿಸಿ 2004ರಲ್ಲಿ ದಿನಕ್ಕೆ 21 ಲಕ್ಷ ಬ್ಯಾರೆಲ್ ತೆಗೆದರು. 2012ಕ್ಕೆ 5 ಲಕ್ಷಕ್ಕೂ ಕಡಿಮೆ. ಎಂಟು ವರ್ಷ ಅಷ್ಟೇ. ಸೌದಿಯ ಘವಾರ್, 1948ರಲ್ಲಿ ಸಿಕ್ಕಿದ್ದು, ಸುಮಾರು 280 ಕಿಲೋಮೀಟರ್ ಉದ್ದ. ದಿನಕ್ಕೆ 50 ಲಕ್ಷ ಬರುತ್ತದೆ ಎಂದೇ ಜಗತ್ತು ಅಂದುಕೊಂಡಿತ್ತು. 2019ರಲ್ಲಿ ಸೌದಿಯ ಸರ್ಕಾರಿ ಎಣ್ಣೆ ಕಂಪನಿ ಅರಾಮ್ಕೋ ತನ್ನ ದಾಖಲೆ ಬಿಚ್ಚಿದಾಗ ಗರಿಷ್ಠ 38 ಲಕ್ಷ ಅಂತ ಇತ್ತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2025ರಲ್ಲಿ ಹೇಳಿದ್ದೇನೆಂದರೆ, ಹೊಸದಾಗಿ ದುಡ್ಡು ಹಾಕುವುದನ್ನು ನಿಲ್ಲಿಸಿದರೆ ಜಗತ್ತಿನ ಎಣ್ಣೆ ಉತ್ಪಾದನೆ ವರ್ಷಕ್ಕೆ ಸುಮಾರು 8 ಪರ್ಸೆಂಟ್ ಇಳಿಯುತ್ತದೆ. 47 ವರ್ಷ ಯಾರು ಕಾಯುತ್ತಾರೆ?

ಭೂಮಿಯ ಆಳದಲ್ಲಿ ಎಣ್ಣೆ ತಾನೇ ತಯಾರಾಗುತ್ತಿರುತ್ತದೆ, ಕಂಪನಿಗಳು ಮುಚ್ಚಿಟ್ಟಿವೆ ಅನ್ನುವವರು ಒಂದಿಬ್ಬರು ಪ್ರತಿ ವಿಡಿಯೋಗೂ ಬರುತ್ತಾರೆ. ಸ್ವೀಡನ್ನಿನ ಸಿಲ್ಯಾನ್‌ನಲ್ಲಿ ಅದನ್ನೇ ನಂಬಿ 6 ಕಿಲೋಮೀಟರ್‌ಗೂ ಆಳ ಕೊರೆದರು. ವ್ಯಾಪಾರ ಮಾಡುವಷ್ಟು ಸಿಗಲಿಲ್ಲ. ಮುಂದೆ.

"ಎಲೆಕ್ಟ್ರಿಕ್ ಗಾಡಿ ಬಂದ ಮೇಲೆ ಎಣ್ಣೆ ಯಾರಿಗೆ ಬೇಕು ಸರ್?" ವಿಮಾನಕ್ಕೆ ಬೇಕು, ಹಡಗಿಗೆ ಬೇಕು, ನೀವು ಈ ಕಮೆಂಟ್ ಟೈಪ್ ಮಾಡಿದ ಫೋನಿನ ಪ್ಲಾಸ್ಟಿಕ್ಕಿಗೆ ಬೇಕು. ಬೇಡಿಕೆ ಇಳಿಯಬಹುದು, ಇಳಿಯಲಿ, ಒಳ್ಳೆಯದೇ. ಆಗಲೂ ಪ್ರಶ್ನೆ ದಿನಕ್ಕೆ ಎಷ್ಟು ಅಂತಲೇ ಅಲ್ವಾ? 2020ರ ಏಪ್ರಿಲ್ 20ರಂದು ಅಮೆರಿಕದ ಎಣ್ಣೆ ಬ್ಯಾರೆಲ್‌ಗೆ ಮೈನಸ್ 37 ಡಾಲರ್‌ಗೆ ಇಳಿಯಿತು. ಮೈನಸ್! ಕೊಳ್ಳುವವನಿಗೇ ದುಡ್ಡು ಕೊಟ್ಟು ತಗೊಂಡು ಹೋಗಪ್ಪ ಅಂದರು. ಅವತ್ತು ಬೆಳಿಗ್ಗೆ ನೆಲದಡಿ ಎಣ್ಣೆ ಎಷ್ಟಿತ್ತೋ ಸಾಯಂಕಾಲವೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಬರುವುದು ಜಾಸ್ತಿ, ಹೋಗುವುದು ಕಡಿಮೆ, ಇಡಲು ಜಾಗ ಇಲ್ಲ. ಅಷ್ಟೇ ಕಥೆ. ದಿನಕ್ಕೆ ಎಷ್ಟು! ಟೀ ಕಪ್ಪಿನ ಮೇಲೆ ಪ್ರಿಂಟ್ ಹಾಕಿಸುತ್ತೇನೆ ಇದನ್ನ. ಹಾಕಿಸಿಯೂ ಆಗಿದೆ, ಲಿಂಕ್ ಡಿಸ್ಕ್ರಿಪ್ಶನ್‌ನಲ್ಲಿದೆ. ಕಪ್ಪು ಬಣ್ಣದ್ದು ಚೆನ್ನಾಗಿದೆ. ಬಿಳಿದು ತಗೋಬೇಡಿ, ಎರಡು ಸಲ ತೊಳೆದರೆ "ದಿನಕ್ಕೆ" ಹೋಗಿ "ಎಷ್ಟು" ಮಾತ್ರ ಉಳಿಯುತ್ತದೆ.

ಸ್ಕ್ರಿಪ್ಟಿನಲ್ಲಿ ಇಲ್ಲಿ ಇನ್ನೂ ಎರಡು ಪಾಯಿಂಟ್ ಇತ್ತು. ನಾರ್ವೆ ಬಗ್ಗೆ ಒಂದು, ಇನ್ನೊಂದು ಏನೋ ಗ್ರಾಫ್. ಬಿಡಿ. ಗ್ರಾಫ್ ತೋರಿಸಿದರೆ ನೀವು ಮುಂದಕ್ಕೆ ಓಡಿಸುತ್ತೀರಿ, ನನಗೆ ಗೊತ್ತು.

ಮುಂದಿನ ವಾರ ಹಾರ್ಮುಜ್ ಜಲಸಂಧಿ. 2024ರಲ್ಲಿ ಆ ಇಕ್ಕಟ್ಟಿನ ದಾರಿಯಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ಹಾದು ಹೋಗುತ್ತಿತ್ತು, ಜಗತ್ತು ಬಳಸುವುದರ ಐದನೇ ಒಂದು ಭಾಗ. ಅದರ ಮ್ಯಾಪ್ ಮಾಡಲು ಎಡಿಟರ್ ಹುಡುಗ ಜಾಸ್ತಿ ದುಡ್ಡು ಕೇಳುತ್ತಿದ್ದಾನೆ. ಮೆಂಬರ್‌ಶಿಪ್ ತಗೊಂಡವರ ಪ್ರಶ್ನೆಗೆ ಮೊದಲು ಉತ್ತರ, ತಗೊಳ್ಳದವರಿಗೆ ಆಮೇಲೆ. ನಿಕ್ಷೇಪವನ್ನು ಯಾವುದರಿಂದಾದರೂ ಭಾಗಿಸಿದವರಿಗೆ ಉತ್ತರವೇ ಇಲ್ಲ.