ಹಾಲ್‌ಸ್ಟೆಡ್ ಬೀದಿಯ ಹಲ್ ಹೌಸ್

ಕೇಳುಗರೇ, ನಮಸ್ಕಾರ.

1895ರಲ್ಲಿ ಅಮೆರಿಕದ ಶಿಕಾಗೊ ನಗರದ 19ನೇ ವಾರ್ಡಿಗೆ ಹೊಸ ಕಸದ ಇನ್‌ಸ್ಪೆಕ್ಟರ್ ಬಂದರು. ಹೆಂಗಸು. ಹೆಸರು ಜೇನ್ ಆಡಮ್ಸ್. ಸಿರಿವಂತ ಮನೆತನದವರು, ಕಾಲೇಜು ಓದಿದವರು. ಬೆಳಗಿನ ಆರಕ್ಕೇ ಎದ್ದು ಕಸದ ಗಾಡಿಗಳು ಹೊರಟವೋ ಇಲ್ಲವೋ ನೋಡುವುದು, ಗಾಡಿಯ ಹಿಂದೆಯೇ ಹೋಗಿ ಕಸ ಸುರಿಯುವ ಜಾಗದವರೆಗೂ ಕಾಯುವುದು, ಸತ್ತ ಪ್ರಾಣಿಗಳನ್ನು ಎತ್ತಿಸುವುದು, ಮಾತು ಕೇಳದ ಮನೆ ಮಾಲೀಕರನ್ನು ಕೋರ್ಟಿಗೆ ಎಳೆಯುವುದು, ಇದು ಅವರ ಕೆಲಸ. ಗುತ್ತಿಗೆದಾರನ ಬೆನ್ನು ಹತ್ತಿ 9 ಗಾಡಿಗಳಿದ್ದದ್ದನ್ನು 17 ಮಾಡಿಸಿದರು. ಒಂದು ಓಣಿಯಲ್ಲಿ ಕಸ ಕೆರೆಸುತ್ತಾ ಹೋದಾಗ 18 ಅಂಗುಲ ಕೆಳಗೆ ಕಲ್ಲುಹಾಸಿನ ರಸ್ತೆಯೇ ಸಿಕ್ಕಿತಂತೆ! ಅಲ್ಲೊಂದು ರಸ್ತೆಯಿದೆ ಎಂಬುದನ್ನೇ ಊರು ಮರೆತಿತ್ತು. ಆ ಓಣಿಯಲ್ಲಿದ್ದ ಇಟಲಿಯವರಿಗೆ ಮಾತ್ರ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಹೂತುಹೋದ ಊರುಗಳನ್ನು ಅಗೆದು ತೆಗೆಯುವುದು ಅವರ ದೇಶದಲ್ಲಿ ಹೊಸದಲ್ಲವಲ್ಲ ಎಂದು ಆಡಮ್ಸ್ ಆಮೇಲೆ ತಮಾಷೆಯಾಗಿ ಬರೆದುಕೊಂಡರು.

ಇಂಥ ಹೆಣ್ಣುಮಗಳು ಕಸದ ಗಾಡಿಯ ಹಿಂದೆ ನಡೆಯುವಂತಾದದ್ದು ಹೇಗೆ? ಅದನ್ನು ತಿಳಿಯಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು.

ಲಂಡನ್ನಿನ ಈಸ್ಟ್ ಎಂಡ್ ಅಂದರೆ ಆ ಕಾಲಕ್ಕೆ ಬಡವರ, ವಲಸಿಗರ ಕೇರಿ. ಅಲ್ಲಿ 1884ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿ ಮತ್ತು ಅವರ ಪತ್ನಿ ಹೆನ್ರಿಯೆಟಾ ಸೇರಿ ಟಾಯ್ನ್‌ಬೀ ಹಾಲ್ ಎಂಬ ಮನೆ ಕಟ್ಟಿಸಿದರು. ವಿಶ್ವವಿದ್ಯಾಲಯಗಳಲ್ಲಿ ಓದಿದ ಹುಡುಗರು ಅಲ್ಲೇ ವಾಸ ಮಾಡಬೇಕು, ನೆರೆಯವರಾಗಿ ಬಾಳಬೇಕು, ಕಲಿಸಬೇಕು, ಕಲಿಯಬೇಕು ಎಂಬುದು ಯೋಚನೆ. ಇದಕ್ಕೆ ಸೆಟ್ಲ್‌ಮೆಂಟ್ ಹೌಸ್ ಎಂಬ ಹೆಸರು ಬಂತು. 1888ರಲ್ಲಿ ಜೇನ್ ಆಡಮ್ಸ್ ಅದನ್ನು ಹೋಗಿ ನೋಡಿದರು. ತಂದೆ ತೀರಿಕೊಂಡಿದ್ದರು, ವೈದ್ಯಕೀಯ ಓದು ಅರ್ಧಕ್ಕೆ ನಿಂತಿತ್ತು, ಕೈಯಲ್ಲಿ ಹಣವಿತ್ತು, ಮಾಡಲು ಕೆಲಸವಿರಲಿಲ್ಲ. ಓದಿದ ಹೆಣ್ಣುಮಕ್ಕಳಿಗೆ ಮುಂದೇನು ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಮದುವೆ ಬಿಟ್ಟು ಬೇರೆ ಉತ್ತರ ಹೆಚ್ಚಾಗಿ ಇರಲಿಲ್ಲ. ಬಡವರಿಗೆ ಇವರ ಅಗತ್ಯ ಎಷ್ಟಿತ್ತೋ, ಇವರಿಗೂ ಬಡವರ ಅಗತ್ಯ ಅಷ್ಟೇ ಇತ್ತು. ಇದು ನಾನು ಹೇಳುವ ಕೊಂಕಲ್ಲ, ಆಡಮ್ಸ್ ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಮಾತು.

1889ರ ಸೆಪ್ಟೆಂಬರ್ 18ರಂದು ಅವರು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೊದ ಹಾಲ್‌ಸ್ಟೆಡ್ ಬೀದಿಯ ಹಳೆಯ ಬಂಗಲೆಯೊಂದರಲ್ಲಿ ಬಿಡಾರ ಹೂಡಿದರು. 1856ರಲ್ಲಿ ಚಾರ್ಲ್ಸ್ ಹಲ್ ಎಂಬ ವ್ಯಾಪಾರಿ ಕಟ್ಟಿಸಿದ ಮನೆ, ಹಾಗಾಗಿ ಹಲ್ ಹೌಸ್. 1871ರಲ್ಲಿ ಶಿಕಾಗೊದ ದೊಡ್ಡ ಭಾಗವನ್ನೇ ಸುಟ್ಟ ಮಹಾ ಬೆಂಕಿ ಹೊತ್ತಿಕೊಂಡದ್ದು ಇಲ್ಲಿಂದ ಕೂಗಳತೆಯಲ್ಲಿ, ಆದರೆ ಈ ಮನೆ ಉಳಿದಿತ್ತು. ಅಟ್ಟದಲ್ಲಿ ದೆವ್ವವಿದೆ ಎಂದು ಹಿಂದಿನ ಬಾಡಿಗೆದಾರರು ಮೆಟ್ಟಿಲ ಮೇಲೆ ಹೂಜಿಯಲ್ಲಿ ನೀರಿಡುತ್ತಿದ್ದರಂತೆ. ನೀರು ದಾಟಿ ದೆವ್ವ ಬಾರದು ಎಂಬ ನಂಬಿಕೆ. 1850ರಲ್ಲಿ ಸುಮಾರು 30 ಸಾವಿರ ಜನರಿದ್ದ ಶಿಕಾಗೊ 1890ರ ಹೊತ್ತಿಗೆ 10 ಲಕ್ಷ ದಾಟಿತ್ತು. ಇಟಲಿಯವರು, ಜರ್ಮನರು, ಐರಿಷರು, ಬೊಹೀಮಿಯದವರು, ರಷ್ಯ ಮತ್ತು ಪೋಲೆಂಡಿನಿಂದ ಬಂದ ಯಹೂದಿಗಳು, ಆಮೇಲೆ ಗ್ರೀಕರು, ಮೆಕ್ಸಿಕೊದವರು ಎಲ್ಲರೂ ಈ ಬೀದಿಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು.

ಗೆಳತಿಯರಿಬ್ಬರೂ ತಂದದ್ದು ಏನು? ಚಿತ್ರಗಳು, ಒಳ್ಳೆಯ ಮೇಜು ಕುರ್ಚಿ, ಸಾಹಿತ್ಯ. ಮೊದಲ ವಾರಗಳಲ್ಲಿ ಇಟಲಿಯ ಕಥೆಯುಳ್ಳ ಇಂಗ್ಲಿಷ್ ಕಾದಂಬರಿಯೊಂದನ್ನು ನೆರೆಯ ಹೆಣ್ಣುಮಕ್ಕಳಿಗೆ ಓದಿ ಹೇಳಿದರು. ಮೊದಲು ಕಟ್ಟಿಸಿದ ಹೊಸ ಕಟ್ಟಡವೂ ಚಿತ್ರಶಾಲೆಯೇ. ಆದರೆ ಕೇರಿ ತನಗೆ ಬೇಕಾದದ್ದನ್ನು ಒಂದೊಂದಾಗಿ ತಿಳಿಸುತ್ತಾ ಹೋಯಿತು. ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಬಿಡಲು ಜಾಗ ಕೇಳಿದರು, ಶಿಶುವಿಹಾರವಾಯಿತು. ಕಾರ್ಖಾನೆಯ ಹುಡುಗಿಯರು ಸೇರಿ ತಾವೇ ನಡೆಸುವ ವಸತಿಗೃಹ ಕೇಳಿದರು, ಅದೂ ಆಯಿತು. ಕೇರಿಯವರು ಬೇಡವೆಂದದ್ದು ಬಿದ್ದುಹೋಯಿತು. ಪೌಷ್ಟಿಕ ಆಹಾರವನ್ನು ಶಾಸ್ತ್ರೀಯವಾಗಿ ಬೇಯಿಸಿ ಅಗ್ಗಕ್ಕೆ ಮಾರುವ ಅಡುಗೆಮನೆ ಶುರುಮಾಡಿದರು, ಯಾರೂ ಬರಲಿಲ್ಲ. ಒಬ್ಬ ಹೆಂಗಸು ನೇರವಾಗಿಯೇ ಹೇಳಿದಳಂತೆ, ಒಳ್ಳೆಯದೆಂದು ತಿನ್ನಲು ನನ್ನಿಂದಾಗದು, ನನಗೆ ಬೇಕನಿಸಿದ್ದನ್ನು ತಿನ್ನುತ್ತೇನೆ ಎಂದು. ನಮ್ಮಲ್ಲಿ ಜನರಿಗೆ ಒಳ್ಳೆಯದು ಮಾಡಲು ಹೊರಡುವವರೆಲ್ಲ ಈ ಹೆಂಗಸನ್ನು ಒಮ್ಮೆ ನೆನೆಯಬೇಕು.

ಆ ಮೊದಲ ಕ್ರಿಸ್ಮಸ್ಸಿಗೆ ಮಕ್ಕಳಿಗೆ ಮಿಠಾಯಿ ಹಂಚಿದರು. ಕೆಲವು ಪುಟ್ಟ ಹುಡುಗಿಯರು ಕೈ ಚಾಚಲೇ ಇಲ್ಲ. ಯಾಕೆ? ಅವರು ಮಿಠಾಯಿ ಕಾರ್ಖಾನೆಯಲ್ಲಿ ಆರು ವಾರದಿಂದ ಬೆಳಗಿನ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿಯುತ್ತಿದ್ದರು. ಅದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದೇ ಚಳಿಗಾಲದಲ್ಲಿ ಹಲ್ ಹೌಸಿಗೆ ಬರುತ್ತಿದ್ದ ಮೂವರು ಹುಡುಗರು ಪಕ್ಕದ ಕಾರ್ಖಾನೆಯ ಒಂದೇ ಯಂತ್ರಕ್ಕೆ ಸಿಕ್ಕಿ ಗಾಯಗೊಂಡರು, ಒಬ್ಬ ಸತ್ತ. ಕೆಲವೇ ಡಾಲರ್ ಖರ್ಚಿನ ತಡೆಯೊಂದನ್ನು ಹಾಕಿದ್ದರೆ ಇದು ಆಗುತ್ತಿರಲಿಲ್ಲ. ಮಾಲೀಕರು ಮರುಗುತ್ತಾರೆ, ತಡೆ ಹಾಕಿಸುತ್ತಾರೆ ಎಂದು ಆಡಮ್ಸ್ ನಂಬಿದ್ದರು. ಮಾಲೀಕರು ಏನೂ ಮಾಡಲಿಲ್ಲ. ಏನೇ ಆದರೂ ಪರಿಹಾರ ಕೇಳುವುದಿಲ್ಲ ಎಂಬ ಕಾಗದಕ್ಕೆ ತಂದೆತಾಯಿಯರಿಂದ ಮೊದಲೇ ಸಹಿ ಹಾಕಿಸಿಕೊಳ್ಳುವ ಪದ್ಧತಿಯಿತ್ತು.

ಇಲ್ಲಿಂದ ಹಲ್ ಹೌಸಿನ ದಾರಿ ಬದಲಾಯಿತು ಎಂದು ನನಗೆ ಅನಿಸುತ್ತದೆ. ಬದಲಾಯಿಸಿದವರಲ್ಲಿ ಮುಖ್ಯರು ಫ್ಲಾರೆನ್ಸ್ ಕೆಲಿ. 1891ರ ಡಿಸೆಂಬರಿನಲ್ಲಿ, ಗಂಡನನ್ನು ತೊರೆದು ಬಂದು ಹಲ್ ಹೌಸಿನ ಬಾಗಿಲು ತಟ್ಟಿದವರು. ಕಾನೂನು, ಅಂಕಿಅಂಶ ಎರಡೂ ಬಲ್ಲವರು. ಬಟ್ಟೆ ಹೊಲಿಯುವ ಕೆಲಸ ಗುತ್ತಿಗೆಯ ಮೇಲೆ ಕತ್ತಲೆ ಕೋಣೆಗಳಿಗೆ ಹೋಗುತ್ತಿತ್ತು, ಪುಟ್ಟ ಮಕ್ಕಳು ಗುಂಡಿ ಹಾಕುತ್ತಾ ಕೂರುತ್ತಿದ್ದರು. ಕೆಲಿ ಮೆಟ್ಟಿಲು ಹತ್ತಿ ಇಳಿದು ಅದನ್ನೆಲ್ಲ ಬರೆದುಕೊಂಡರು. 1893ರಲ್ಲಿ ಶಿಕಾಗೊ ಇರುವ ಇಲಿನಾಯ್ ರಾಜ್ಯ ಕಾನೂನು ತಂದಿತು. ಹದಿನಾಲ್ಕರ ಒಳಗಿನ ಮಕ್ಕಳು ಕಾರ್ಖಾನೆಯಲ್ಲಿ ದುಡಿಯುವಂತಿಲ್ಲ, ಹೆಂಗಸರಿಗೆ ದಿನಕ್ಕೆ 8 ಗಂಟೆ ಕೆಲಸ. ಗವರ್ನರ್ ಆಲ್ಟ್‌ಗೆಲ್ಡ್ ಕೆಲಿಯವರನ್ನೇ ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರ್ ಮಾಡಿದರು. ಎರಡೇ ವರ್ಷಕ್ಕೆ 8 ಗಂಟೆಯ ನಿಯಮವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೊಡೆದುಹಾಕಿತು. ಆದರೆ ಅದೇ 1895ರಲ್ಲಿ ಹಲ್ ಹೌಸಿನವರು ಮನೆ ಮನೆಗೆ ಹೋಗಿ ತಯಾರಿಸಿದ ನಕ್ಷೆಗಳು ಅಚ್ಚಾದವು. ಯಾವ ಮನೆಯಲ್ಲಿ ಯಾವ ದೇಶದವರು, ವಾರದ ಸಂಪಾದನೆ ಎಷ್ಟು ಎಂಬುದನ್ನು ಬಣ್ಣಬಣ್ಣವಾಗಿ ತೋರಿಸಿದ ನಕ್ಷೆಗಳು. ಬಡವರು ಸೋಮಾರಿಗಳು ಎನ್ನುತ್ತಿದ್ದವರ ಮುಂದೆ ಇಡಲು ಈಗ ಲೆಕ್ಕವಿತ್ತು.

ಮಕ್ಕಳ ಅಪರಾಧಗಳಿಗೇ ಪ್ರತ್ಯೇಕ ನ್ಯಾಯಾಲಯ 1899ರಲ್ಲಿ ಶಿಕಾಗೊದಲ್ಲಿ ಶುರುವಾದದ್ದರ ಹಿಂದೆಯೂ ಇದೇ ಮನೆಯ ಜೂಲಿಯಾ ಲೇತ್ರಪ್ ಇದ್ದರು. ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಇಲ್ಲಿ ವಾಸವಿದ್ದಾಗಲೇ ಕಾರ್ಖಾನೆಯ ಸೀಸದ ವಿಷದ ಬೆನ್ನು ಹತ್ತಿದರು, ಮುಂದೆ 1919ರಲ್ಲಿ ಹಾರ್ವರ್ಡಿನ ಮೊದಲ ಮಹಿಳಾ ಅಧ್ಯಾಪಕರಾದರು. ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಚಿಕ್ಕ ಹುಡುಗನಾಗಿ ಬ್ಯಾಂಡಿನಲ್ಲಿ ನುಡಿಸಿದ್ದೂ ಇಲ್ಲಿಯೇ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಅಲ್ಲಿನ ಒಂದು ವಸ್ತುಸಂಗ್ರಹಾಲಯ. ಇಟಲಿಯ ಮುದುಕಿಯೊಬ್ಬಳು ಬೀದಿಬದಿಯಲ್ಲಿ ಕೂತು ಕದಿರಿನಿಂದ ನೂಲು ತೆಗೆಯುತ್ತಿದ್ದುದನ್ನು ಆಡಮ್ಸ್ ಕಂಡರು. ಮಕ್ಕಳು ಇಂಗ್ಲಿಷ್ ಕಲಿತು, ಹೊಸ ಟೋಪಿ ಹಾಕಿ, ಇಂಥ ತಾಯಂದಿರನ್ನು ಕಂಡು ನಾಚುತ್ತಿದ್ದ ಕಾಲ. 1900ರಲ್ಲಿ ಲೇಬರ್ ಮ್ಯೂಸಿಯಂ ತೆರೆದರು. ನಾನಾ ದೇಶದ ಹೆಂಗಸರು ಅಲ್ಲಿ ಕೂತು ತಮ್ಮ ತಮ್ಮ ರೀತಿಯಲ್ಲಿ ನೂಲುವುದು, ನೇಯುವುದು. ಅಡುಗೆ ಕಲಿಯಲು ಬರುತ್ತಿದ್ದ ಒಬ್ಬ ಇಟಾಲಿಯನ್ ಹುಡುಗಿ, ನೂಲಲು ಬರುವ ತನ್ನ ತಾಯಿಯನ್ನು ಮುಂಬಾಗಿಲಿಗೆ ಬಿಟ್ಟು ತಾನು ಪಕ್ಕದ ಬಾಗಿಲಿನಿಂದ ಒಳಹೋಗುತ್ತಿದ್ದಳು. ತಲೆಗೆ ಚೌಕ ಕಟ್ಟಿದ ಹಳ್ಳಿಯವಳ ಮಗಳು ಎಂದು ಗೆಳತಿಯರಿಗೆ ಗೊತ್ತಾಗಬಾರದಿತ್ತು. ಒಂದು ಸಂಜೆ ಕಾಲೇಜಿನವರು ತಾಯಿಯ ಸುತ್ತ ನಿಂತು ಆ ಕೈಚಳಕವನ್ನು ಮೆಚ್ಚುತ್ತಿದ್ದುದನ್ನು ಅವಳು ನೋಡಿದಳು. ಆಮೇಲೆ ಇಬ್ಬರೂ ಒಂದೇ ಬಾಗಿಲಿನಿಂದ ಬರತೊಡಗಿದರು.

ಎಲ್ಲದರಲ್ಲೂ ಗೆದ್ದರು ಎಂದಲ್ಲ. ಕಸದ ಗುತ್ತಿಗೆಯನ್ನು ತನ್ನವರಿಗೇ ಕೊಡಿಸುತ್ತಿದ್ದ ವಾರ್ಡಿನ ಪ್ರತಿನಿಧಿ ಜಾನಿ ಪವರ್ಸ್ ಎಂಬಾತನನ್ನು ಚುನಾವಣೆಯಲ್ಲಿ ಸೋಲಿಸಲು ಹೋಗಿ ಹಲ್ ಹೌಸಿನವರೇ ಸೋತರು. ಆತ ಸತ್ತವರ ಮನೆಗೆ ಹೋಗುತ್ತಿದ್ದ, ಮದುವೆಗೆ ಉಡುಗೊರೆ ಕೊಡುತ್ತಿದ್ದ, ಹುಡುಗರಿಗೆ ಕೆಲಸ ಕೊಡಿಸುತ್ತಿದ್ದ. ಜನ ಅವನನ್ನು ಯಾಕೆ ಗೆಲ್ಲಿಸುತ್ತಾರೆ ಎಂಬುದನ್ನು ಆಡಮ್ಸ್ ಸಿಟ್ಟಿಲ್ಲದೆ ಅರ್ಥಮಾಡಿಕೊಂಡು ಬರೆದರು. ನಮ್ಮ ಊರುಗಳ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಹಾಯುದ್ಧವನ್ನು ವಿರೋಧಿಸಿದಾಗ ಹೊಗಳುತ್ತಿದ್ದ ಪತ್ರಿಕೆಗಳೇ ಅವರನ್ನು ಬೈದವು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು, 1935ರ ಮೇ ತಿಂಗಳಲ್ಲಿ ತೀರಿಕೊಂಡರು.

ಈ ಮಾದರಿ ನಮ್ಮ ದೇಶಕ್ಕೂ ಬಂತು. ಶಿಕಾಗೊದಲ್ಲಿ ಓದಿದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ 1920ರ ದಶಕದಲ್ಲಿ ಮುಂಬೈಗೆ ಬಂದು ಗಿರಣಿ ಕಾರ್ಮಿಕರ ಪ್ರದೇಶವಾದ ಬೈಕುಲ್ಲಾದಲ್ಲಿ ನಾಗಪಾಡಾ ನೇಬರ್‌ಹುಡ್ ಹೌಸ್ ಕಟ್ಟಿದರು. 1936ರಲ್ಲಿ ಅಲ್ಲಿಯೇ ಸಮಾಜಕಾರ್ಯ ಕಲಿಸುವ ಶಾಲೆ ಆರಂಭವಾಯಿತು, ಮ್ಯಾನ್‌ಶಾರ್ಟ್ ಮೊದಲ ನಿರ್ದೇಶಕರು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಕರಾವಳಿಯ ಹುಡುಗರಿಗೂ ಮುಂಬೈಯೇ ಆಸರೆಯಾಗಿತ್ತು. ಆ ಶಾಲೆಗಳನ್ನು ಕಟ್ಟಿದವರು ಹೊರಗಿನಿಂದ ಬಂದ ಸಿರಿವಂತರಲ್ಲ, ನಮ್ಮವರೇ. ಆ ಕಥೆಯೂ ಒಮ್ಮೆ ಬಾನುಲಿಯಲ್ಲಿ ಬರಬೇಕು.

ಇತ್ತ ಶಿಕಾಗೊದಲ್ಲಿ, 1961ರಲ್ಲಿ ಮೇಯರ್ ರಿಚರ್ಡ್ ಡೇಲಿ ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಆವರಣಕ್ಕೆ ಇದೇ ಕೇರಿಯನ್ನು ಆರಿಸಿದರು. ಇಟಲಿಯಿಂದ ಬಂದ ದರ್ಜಿಯ ಮಗಳು, ಹಲ್ ಹೌಸಿನಲ್ಲಿ ಬೆಳೆದ ಫ್ಲಾರೆನ್ಸ್ ಸ್ಕಾಲಾ ನೆರೆಯ ಹೆಂಗಸರನ್ನು ಕಟ್ಟಿಕೊಂಡು ಮೇಯರ್ ಕಚೇರಿಯಲ್ಲೇ ಧರಣಿ ಕೂತರು, ಕೋರ್ಟಿಗೂ ಹೋದರು. ಸೋತರು. 13 ಕಟ್ಟಡಗಳಿಗೆ ಬೆಳೆದಿದ್ದ ಹಲ್ ಹೌಸಿನಲ್ಲಿ ಹಳೆಯ ಬಂಗಲೆ, ಊಟದ ಮನೆ ಎರಡನ್ನು ಬಿಟ್ಟು ಉಳಿದವನ್ನು ಕೆಡವಿದರು. ಉಳಿದವು ಇಂದು ವಸ್ತುಸಂಗ್ರಹಾಲಯ. ಸಂಸ್ಥೆ ಊರಿನ ಬೇರೆ ಬೇರೆ ಕಡೆ ಚದುರಿ ಕೆಲಸ ಮುಂದುವರಿಸಿತು. ಬರಬರುತ್ತಾ ಸರ್ಕಾರದ ಅನುದಾನವನ್ನೇ ನೆಚ್ಚಿಕೊಂಡು, ಅದು ಸಾಲದಾದಾಗ 2012ರ ಜನವರಿಯಲ್ಲಿ ದಿವಾಳಿಯಾಗಿ ಮುಚ್ಚಿತು. ಆಡಮ್ಸ್ ಕಾಲದ ಹಲ್ ಹೌಸ್ ಸರ್ಕಾರದ ಬಾಗಿಲಿಗೆ ಹೋಗಿ ಕಾನೂನು ಕೇಳುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು ಸರ್ಕಾರದ ಕೆಲಸವನ್ನೇ ಗುತ್ತಿಗೆಗೆ ಮಾಡಿಕೊಡುತ್ತಿತ್ತು. ಅದು ಹುಟ್ಟಿ ಬೆಳೆದ ಕೇರಿಯ ಬಹುಭಾಗವನ್ನು ಸುಮಾರು ಐವತ್ತು ವರ್ಷದ ಹಿಂದೆಯೇ ಕೆಡವಿ ಆಗಿತ್ತು.

ನಮಸ್ಕಾರ.