ಆರು ಸಹಿ ಬೇಕು: ಲಂಡನ್‌ನಲ್ಲಿ ಒಂದು ಗುರುವಾರ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ಪಿಕಡಿಲಿ ರಸ್ತೆ. ಬೆಳಿಗ್ಗೆ ಹತ್ತೂವರೆ. ಮಳೆ ಅನ್ನುವಷ್ಟು ಮಳೆ ಇಲ್ಲ, ಆದರೆ ಲೆನ್ಸ್ ಒರೆಸಿ ಒರೆಸಿ ನನ್ನ ದುಪಟ್ಟಾ ಒದ್ದೆಯಾಗಿದೆ.

ಬ್ಯಾಗಿನಲ್ಲಿ ಒಂದು ಫಾರ್ಮ್ ಇದೆ. ನಾವು ಹೊಸದಾಗಿ ಮನೆ ಮಾಡಿರುವ ಊರಿನಲ್ಲಿ ಕನ್ನಡದವರದ್ದೊಂದು ಸಂಘ ಇದೆ. ಹೆಸರು ಬೇಡ ಬಿಡಿ. ಸೇರಬೇಕು ಅಂದರೆ ಇಬ್ಬರು ಹಳೇ ಸದಸ್ಯರ ಸಹಿ ಬೇಕಂತೆ. ಬಂದು ಎರಡು ತಿಂಗಳಾಗಿದೆ, ನನ್ನನ್ನು ಬಲ್ಲವರು ಇಲ್ಲಿ ಯಾರಿದ್ದಾರೆ? ಒಂದು ಸಹಿ ಹೇಗೋ ಸಿಕ್ಕಿತು. ಪಕ್ಕದ ಬೀದಿಯ ಆಂಟಿಗೆ ಒಂದು ಡಬ್ಬಿ ಇಡ್ಲಿ ಹಿಟ್ಟು ಕೊಟ್ಟು ಸಂಪಾದಿಸಿದ್ದು ಅದು. ಇನ್ನೊಂದು ಬಾಕಿ.

ಆ ಫಾರ್ಮ್ ಹಿಡಿದುಕೊಂಡು ಕೂತಿದ್ದಾಗಲೇ ಈ ವಿಡಿಯೋ ಮಾಡಬೇಕು ಅನ್ನಿಸಿತು. ಯಾಕೆಂದರೆ ಸಹಿ ಹಾಕಿಸಿಕೊಂಡು ಸೇರುವ ಸಂಘಗಳಲ್ಲಿ ದೊಡ್ಡಣ್ಣ ಅಂದರೆ ಲಂಡನ್ನಿನ ವಿಜ್ಞಾನಿಗಳ ಸಂಘ, ರಾಯಲ್ ಸೊಸೈಟಿ. ನ್ಯೂಟನ್ ಅಧ್ಯಕ್ಷರಾಗಿದ್ದ ಸಂಘ. ನಮ್ಮ ರಾಮಾನುಜನ್, ರಾಮನ್ ಎಲ್ಲ ಫೆಲೋ, ಅಂದರೆ ಸದಸ್ಯರು, ಆದದ್ದು ಇಲ್ಲೇ. ಅಲ್ಲಿ ಏನೇನು ಕಂಡುಹಿಡಿದರು ಅನ್ನುವುದು ಇವತ್ತಿನ ವಿಷಯ ಅಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಲ್ಲಿಗೆ ಯಾರು ಸೇರುತ್ತಿದ್ದರು, ಯಾರು ಸೇರಿಸುತ್ತಿದ್ದರು, ಕುರ್ಚಿ ಯಾರ ಕೈಯಲ್ಲಿತ್ತು, ಅದನ್ನು ನೋಡೋಣ.

ಈ ಕಮಾನಿನ ಒಳಗೆ ಬನ್ನಿ. ಇದು ಬರ್ಲಿಂಗ್ಟನ್ ಹೌಸ್. ಎದುರಿಗೆ ಇರುವುದು ಚಿತ್ರಕಲೆಯ ರಾಯಲ್ ಅಕಾಡೆಮಿ, ಎಲ್ಲರೂ ಫೋಟೋ ತೆಗೆಯುವುದು ಅದನ್ನೇ. ಅಂಗಳದ ಸುತ್ತ ಇರುವ ಬಾಗಿಲುಗಳನ್ನು ಯಾರೂ ನೋಡುವುದಿಲ್ಲ. ಒಂದು ಭೂವಿಜ್ಞಾನದವರದ್ದು, ಒಂದು ಖಗೋಳದವರದ್ದು, ಒಂದು ಗಿಡ, ಪ್ರಾಣಿಗಳ ಅಧ್ಯಯನದ ಲಿನ್ನಿಯನ್ ಸೊಸೈಟಿ. ವಠಾರದ ಮನೆಗಳ ಹಾಗೆ ಒಂದೇ ಅಂಗಳಕ್ಕೆ ಎಲ್ಲರ ಬಾಗಿಲು. ರಾಯಲ್ ಸೊಸೈಟಿ 1857ರಲ್ಲಿ ಇಲ್ಲಿಗೆ ಬಂತು, 1967ರವರೆಗೂ ಇತ್ತು. ಅದಕ್ಕೆ ಮೊದಲು ಸಾಮರ್ಸೆಟ್ ಹೌಸ್‌ನಲ್ಲಿತ್ತು.

ಕಥೆ ಶುರುವಾಗುವುದು ಆ ಹಳೇ ಮನೆಯಲ್ಲಿ. ಆಗ ಸದಸ್ಯರ ಸಂಖ್ಯೆಗೆ ಮಿತಿಯೇ ಇರಲಿಲ್ಲ. ದುಡ್ಡು, ಮನೆತನ, ನಾಲ್ಕು ಜನರ ಪರಿಚಯ ಇದ್ದರೆ ಹೆಸರಿನ ಮುಂದೆ ಫೆಲೋ ಆಫ್ ದಿ ರಾಯಲ್ ಸೊಸೈಟಿ, ಚಿಕ್ಕದಾಗಿ ಎಫ್‌ಆರ್‌ಎಸ್ ಹಾಕಿಕೊಳ್ಳಬಹುದಿತ್ತು. ಪಾದ್ರಿಗಳು, ಜಮೀನ್ದಾರರು, ಸೇನಾಧಿಕಾರಿಗಳು ಎಲ್ಲರೂ ಇದ್ದರು. ವಿಜ್ಞಾನ ಮಾಡುವವರು ಕಡಿಮೆ, ವಿಜ್ಞಾನದ ಪಕ್ಕ ಕೂರುವವರು ಜಾಸ್ತಿ. ಲೆಕ್ಕ ಮಾಡುವ ಯಂತ್ರದ ಚಾರ್ಲ್ಸ್ ಬ್ಯಾಬೇಜ್ ಗೊತ್ತಲ್ವಾ? ಅವರು 1830ರಲ್ಲಿ ಇದನ್ನೆಲ್ಲ ಬೈದು ಒಂದು ಪುಸ್ತಕವನ್ನೇ ಬರೆದರು.

ಅದೇ ವರ್ಷ ಅಧ್ಯಕ್ಷರ ಚುನಾವಣೆ. ಸಂಘದ ವಾರ್ಷಿಕ ಸಭೆ ನವೆಂಬರ್ 30ಕ್ಕೆ. ಒಂದು ಕಡೆ ಜಾನ್ ಹರ್ಷೆಲ್. ಆಕಾಶವನ್ನೇ ಅಳೆದ ಮನುಷ್ಯ. ಇನ್ನೊಂದು ಕಡೆ ಸಸೆಕ್ಸ್‌ನ ಡ್ಯೂಕ್. ಅವರ ಅರ್ಹತೆ ಏನಪ್ಪಾ ಅಂದರೆ, ದೊರೆಯ ತಮ್ಮ. ಮತ ಎಣಿಸಿದರು. ಡ್ಯೂಕ್‌ಗೆ 119, ಹರ್ಷೆಲ್‌ಗೆ 111. ಎಂಟೇ ಎಂಟು ಮತ! ನಮ್ಮ ಕಡೆ ಸೊಸೈಟಿ ಎಲೆಕ್ಷನ್‌ನಲ್ಲಿ ಎಂಟು ಮತದಿಂದ ಸೋತವರು ಆಮೇಲೆ ಎಷ್ಟು ವರ್ಷ ಅದನ್ನೇ ಹೇಳಿಕೊಂಡು ತಿರುಗುತ್ತಾರೆ ಗೊತ್ತಲ್ವಾ. ಹರ್ಷೆಲ್ ಮಾತ್ರ ಕೆಲವು ವರ್ಷ ಕಳೆದು ದೂರದರ್ಶಕ ಕಟ್ಟಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಹೋದರು, ದಕ್ಷಿಣದ ಆಕಾಶ ನೋಡಲು. ಡ್ಯೂಕ್ 1838ರವರೆಗೆ ಕುರ್ಚಿಯಲ್ಲಿದ್ದರು. ಅವರಾದ ಮೇಲೆ ಬಂದವರು ಒಬ್ಬ ಮಾರ್ಕ್ವಿಸ್, ಅಂದರೆ ಡ್ಯೂಕ್ ಪದವಿಗಿಂತ ಒಂದೇ ಮೆಟ್ಟಿಲು ಕೆಳಗಿನವರು.

ಈಗ ಆ ಫಾರ್ಮ್ ವಿಷಯಕ್ಕೆ ಬರುತ್ತೇನೆ. ಅವರು ಅದನ್ನು ಸರ್ಟಿಫಿಕೇಟ್ ಅನ್ನುತ್ತಿದ್ದರು. ಒಂದು ದೊಡ್ಡ ಹಾಳೆ. ಮೇಲೆ ಅಭ್ಯರ್ಥಿಯ ಹೆಸರು, ಕೆಲಸ, ಏನು ಸಾಧಿಸಿದ್ದಾರೆ ಅನ್ನುವ ನಾಲ್ಕು ಸಾಲು. ಕೆಳಗೆ ಈಗಾಗಲೇ ಒಳಗಿರುವ ಫೆಲೋಗಳ ಸಹಿ. ಆ ಹಾಳೆಯನ್ನು ಸಭೆಯ ಕೋಣೆಯಲ್ಲಿ ತೂಗುಹಾಕುತ್ತಿದ್ದರು. ಪಂಚಾಯ್ತಿ ಆಫೀಸಿನ ನೋಟಿಸ್ ಬೋರ್ಡ್ ತರಹ. ವಾರ ವಾರ ಸಭೆಗೆ ಬಂದವರು ಓದಬೇಕು, ಆಕ್ಷೇಪ ಇದ್ದರೆ ಹೇಳಬೇಕು, ಆಮೇಲೆ ಮತ. ಸಭೆ ಇರುತ್ತಿದ್ದದ್ದು ಗುರುವಾರ. ನಾನು ಇವತ್ತು ಬಂದದ್ದೂ ಗುರುವಾರವೇ, ಅದು ಮಾತ್ರ ಆಕಸ್ಮಿಕ.

ಈ ಹಾಳೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 1841ರ ಒಂದು. ಹೆಸರು ಅರ್ದೇಶಿರ್ ಕರ್ಸೆಟ್ಜಿ. ಮುಂಬೈಯ ಪಾರ್ಸಿ, ಹಡಗು ಕಟ್ಟುವ ವಾಡಿಯಾ ಮನೆತನದವರು. ಗ್ಯಾಸ್ ದೀಪವನ್ನು ಮುಂಬೈಗೆ ತಂದವರು ಅಂತ ಅದರಲ್ಲಿ ಬರೆದಿದೆ. 60 ಟನ್‌ನ ಹಡಗು ಕಟ್ಟಿ ಅದಕ್ಕೆ ಹಬೆಯ ಎಂಜಿನ್ ಕೂರಿಸಿದವರು ಅಂತಲೂ ಇದೆ. ಓದುತ್ತಾ ಓದುತ್ತಾ ನನಗೆ ಎಂಜಿನ್ ಎಣ್ಣೆಯ ವಾಸನೆ ಬಂದ ಹಾಗಾಯಿತು. ದೊರೆಯ ತಮ್ಮನ ಅರ್ಹತೆಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅವರೇ ಮೊದಲ ಭಾರತೀಯ ಫೆಲೋ. ಎರಡನೆಯವರು ಯಾರು? ರಾಮಾನುಜನ್. ಯಾವಾಗ? 1918. ನಡುವೆ 77 ವರ್ಷ. ಒಂದು ಇಡೀ ವಿಕ್ಟೋರಿಯಾ ಕಾಲ ಕಳೆದುಹೋಯಿತು.

ಈ 77 ವರ್ಷದ ನಡುವೆ ಒಂದು ದೊಡ್ಡ ಬದಲಾವಣೆ ಆಯಿತು. 1847ರ ಹೊಸ ನಿಯಮ. ಇದರ ಹಿಂದೆ ಓಡಾಡಿದವರಲ್ಲಿ ಮುಖ್ಯರು ವಿಲಿಯಂ ಗ್ರೋವ್. ಫ್ಯೂಯಲ್ ಸೆಲ್ ಕಂಡುಹಿಡಿದ ಗ್ರೋವ್ ಅವರೇ. ವೃತ್ತಿಯಲ್ಲಿ ವಕೀಲರು. ನಿಯಮ ತಿದ್ದಬೇಕಾದರೆ ವಕೀಲರೇ ಬೇಕು, ಅಲ್ವಾ. ಏನು ತಿದ್ದಿದರು? ವರ್ಷಕ್ಕೆ 15 ಜನಕ್ಕಿಂತ ಹೆಚ್ಚು ಸೇರಿಸಬಾರದು. ಹಾಳೆಯ ಮೇಲೆ ಕನಿಷ್ಠ ಆರು ಸಹಿ. ಅದರಲ್ಲಿ ಮೂವರಾದರೂ 'ಇವರನ್ನು ನಾನು ಖುದ್ದಾಗಿ ಬಲ್ಲೆ' ಅಂತ ಹಾಕಬೇಕು. ಬಂದ ಹೆಸರುಗಳಲ್ಲಿ ಯಾವ 15 ಅಂತ ಕೌನ್ಸಿಲ್, ಅಂದರೆ ಸಂಘದ ಆಡಳಿತ ಮಂಡಳಿ, ಆರಿಸಿ ಪಟ್ಟಿ ಮಾಡುತ್ತದೆ, ಉಳಿದವರು ಮತ ಹಾಕುತ್ತಾರೆ.

ಹೊಗಳಬೇಕಾದದ್ದೇ. ಸುಮ್ನೆ ಶೋಕಿಗೆ ಬರುವವರು ಕಡಿಮೆಯಾದರು. ಆದರೆ ಈ ಎರಡು ಮಾತು ನೋಡಿ. 'ಖುದ್ದಾಗಿ ಬಲ್ಲೆ' ಮತ್ತು 'ಕೌನ್ಸಿಲ್ ಆರಿಸುತ್ತದೆ'. ಲಂಡನ್‌ನಲ್ಲಿ ಇಲ್ಲದವರನ್ನು ಖುದ್ದಾಗಿ ಬಲ್ಲವರು ಎಲ್ಲಿಂದ ಬರಬೇಕು? ಮೊದಲು ಬಾಗಿಲಿಗೆ ಕಾವಲಿದ್ದದ್ದು ದುಡ್ಡು ಮತ್ತು ವಂಶ. ಈಗ ಆ ಜಾಗಕ್ಕೆ ಪರಿಚಯ ಬಂತು. ವಂಶವನ್ನೂ ಪೂರ್ತಿ ಬಿಡಲಿಲ್ಲ ಅನ್ನಿ. ಲಾರ್ಡ್‌ಗಳಿಗೆ ಈ 15ರ ಲೆಕ್ಕ ಇಲ್ಲ, ಹೆಸರು ಬಂದ ದಿನವೇ ಮತಕ್ಕೆ ಹಾಕಬಹುದಿತ್ತು. ತಿರುಪತಿಯ ವಿಐಪಿ ದರ್ಶನ ಇದ್ದ ಹಾಗೆ. ಲಾರ್ಡ್‌ಗಳ ಆ ಸಾಲು ಮುಚ್ಚಲು 1870ರ ದಶಕ ಬರಬೇಕಾಯಿತು.

ಆಗ ಕೌನ್ಸಿಲ್ ಅಂದರೆ 21 ಜನ. 17ನೇ ಶತಮಾನದ ರಾಜಶಾಸನದಲ್ಲೇ ಹಾಗೆ ಬರೆದಿದೆ. ವರ್ಷಕ್ಕೆ ಹತ್ತು ಜನ ಇಳಿಯಬೇಕು, ಹತ್ತು ಜನ ಹೊಸಬರು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಧ್ಯಕ್ಷ, ಖಜಾಂಚಿ, ಕಾರ್ಯದರ್ಶಿ ಮಾತ್ರ ಹಾಗೆ ವರ್ಷ ವರ್ಷ ಇಳಿಯುತ್ತಿರಲಿಲ್ಲ. ಗಣಿತದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1854ರಿಂದ 1885ರವರೆಗೆ ಕಾರ್ಯದರ್ಶಿ. 31 ವರ್ಷ! ಯಾವ ಲೇಖನ ಅಚ್ಚಾಗಬೇಕು, ಯಾರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು, ಅದರಲ್ಲಿ ಬಹುಪಾಲು ಅವರ ಮೇಜಿನ ಮೇಲೇ ತೀರ್ಮಾನ ಆಗುತ್ತಿತ್ತು. ಆಮೇಲೆ ಅವರೇ ಅಧ್ಯಕ್ಷರೂ ಆದರು. ಅಧ್ಯಕ್ಷರಾಗಿದ್ದಾಗಲೇ 1887ರಲ್ಲಿ ಪಾರ್ಲಿಮೆಂಟ್ ಸದಸ್ಯರಾದರು. ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿಗೆ ಅದು ಸರಿ ಕಾಣಲಿಲ್ಲ. ಹೆಸರು ಹಾಕದೆ 'ನೇಚರ್' ಪತ್ರಿಕೆಯಲ್ಲಿ ಟೀಕಿಸಿದರು.

ಹಕ್ಸ್‌ಲಿ ಹೆಸರು ಬಂತಲ್ಲ, ಸ್ವಲ್ಪ ನಡೆಯೋಣ. ಇಲ್ಲಿಂದ ಐದೇ ನಿಮಿಷ. ಇದು ಆಲ್ಬಮಾರ್ಲ್ ಸ್ಟ್ರೀಟ್. ಆ ದೊಡ್ಡ ಕಂಬಗಳ ಕಟ್ಟಡ ರಾಯಲ್ ಇನ್‌ಸ್ಟಿಟ್ಯೂಷನ್, ಫ್ಯಾರಡೆ ಇದ್ದ ಜಾಗ. ಅದಲ್ಲ ನಮಗೆ ಬೇಕಾದದ್ದು. ಇದೇ ಬೀದಿಯಲ್ಲಿ ಸೇಂಟ್ ಜಾರ್ಜ್ಸ್ ಹೋಟೆಲ್ ಅಂತ ಒಂದಿತ್ತು. ಮುಂದೆ ಅದು ಪಕ್ಕದ ಬ್ರೌನ್ಸ್ ಹೋಟೆಲ್ ಜೊತೆ ಸೇರಿಹೋಯಿತು. ಒಳಗೆ ಹೋಗಿ ಟೀ ಕುಡಿದು ತೋರಿಸೋಣ ಅಂದುಕೊಂಡಿದ್ದೆ. ರೇಟ್ ನೋಡಿ ಬಾಗಿಲಲ್ಲೇ ನಿಂತು ಶೂಟ್ ಮಾಡುತ್ತಿದ್ದೇನೆ.

1864ರ ನವೆಂಬರ್ 3ರ ಸಂಜೆ ಇಲ್ಲಿ ಎಂಟು ಜನ ಸ್ನೇಹಿತರು ಊಟಕ್ಕೆ ಸೇರಿದರು. ಆಮೇಲೆ ಇನ್ನೊಬ್ಬರು ಬಂದು ಒಂಬತ್ತಾಯಿತು. ಹಕ್ಸ್‌ಲಿ, ಹೂಕರ್, ಟಿಂಡಲ್, ಸ್ಪೆನ್ಸರ್, ಲಬ್ಬಕ್, ಬಸ್ಕ್, ಫ್ರಾಂಕ್‌ಲ್ಯಾಂಡ್, ಹರ್ಸ್ಟ್, ಸ್ಪಾಟಿಸ್‌ವುಡ್. ಹೆಚ್ಚಿನವರು ಡಾರ್ವಿನ್ ಪರ. ತಿಂಗಳ ಮೊದಲ ಗುರುವಾರ ಊಟ, ಊಟ ಮುಗಿಸಿ ನೇರ ರಾಯಲ್ ಸೊಸೈಟಿ ಸಭೆಗೆ. ಅಧ್ಯಕ್ಷರಿಲ್ಲ, ನಿಯಮ ಇಲ್ಲ. ಹೆಸರಿಗೂ ಜಗಳ ಬೇಡ ಅಂತ ಎಕ್ಸ್ ಕ್ಲಬ್. ಒಂಬತ್ತರಲ್ಲಿ ಸ್ಪೆನ್ಸರ್ ಒಬ್ಬರು ಬಿಟ್ಟು ಎಲ್ಲರೂ ಫೆಲೋಗಳು. ಬೇಸಿಗೆಯಲ್ಲಿ ಒಂದು ಪಿಕ್‌ನಿಕ್, ಅದಕ್ಕೆ ಮಾತ್ರ ಹೆಂಡತಿಯರಿಗೂ ಕರೆ. ಆ ಕರೆಯನ್ನು ಗಣಿತದ ಸೂತ್ರದ ಹಾಗೆ ಬರೆಯುತ್ತಿದ್ದರಂತೆ: 'ಎಕ್ಸ್‌ಗಳು ಪ್ಲಸ್ ವೈ-ವಿಗಳು'. ಜೋರಾಗಿ ಓದಿ ನೋಡಿ, ಇಂಗ್ಲಿಷ್‌ನಲ್ಲಿ 'ವೈವ್ಸ್' ಅಂತ ಕೇಳುತ್ತದೆ. ತುಂಟರು.

ಬರೀ ಊಟ ಅಂದುಕೊಳ್ಳಬೇಡಿ. 1873ರಲ್ಲಿ ಹೂಕರ್ ಅಧ್ಯಕ್ಷರಾದಾಗ ಖಜಾಂಚಿ ಸ್ಪಾಟಿಸ್‌ವುಡ್, ಒಬ್ಬ ಕಾರ್ಯದರ್ಶಿ ಹಕ್ಸ್‌ಲಿ. ಮೂವರೂ ಒಂದೇ ಊಟದ ಮೇಜಿನವರು. ಹೂಕರ್ ಇಳಿದ ಮೇಲೆ 1878ರಲ್ಲಿ ಸ್ಪಾಟಿಸ್‌ವುಡ್ ಅಧ್ಯಕ್ಷ. ಅವರು ತೀರಿಕೊಂಡ ಮೇಲೆ 1883ರಲ್ಲಿ ಹಕ್ಸ್‌ಲಿ ಅಧ್ಯಕ್ಷ. ನಮ್ಮೂರಲ್ಲಿ ಹೀಗಾದರೆ ಅದಕ್ಕೆ ಗುಂಪುಗಾರಿಕೆ ಅನ್ನುತ್ತೇವೆ. ನಾನು ಇವರನ್ನು ಪೂರ್ತಿ ಬೈಯುವುದಿಲ್ಲ. ಹೂಕರ್ ಕಾಲದಲ್ಲೇ ಶುಲ್ಕ ಇಳಿಯಿತು. ಸೇರಲು 10 ಪೌಂಡ್, ವರ್ಷಕ್ಕೆ 4 ಪೌಂಡ್ ಇತ್ತು. ಅವರು ಪರಿಚಯದವರಿಂದ ಚಂದಾ ಎತ್ತಿ ನಿಧಿ ಮಾಡಿ, ಪ್ರವೇಶ ಶುಲ್ಕವನ್ನೇ ತೆಗೆಸಿ, ವರ್ಷದ್ದನ್ನು 3 ಪೌಂಡ್‌ಗೆ ಇಳಿಸಿದರು. ಸಂಬಳದ ಮೇಲೆ ಬದುಕುವ ವಿಜ್ಞಾನಿಗೆ ಅದು ದೊಡ್ಡ ಮೊತ್ತ. ಗುಂಪುಗಾರಿಕೆಯೂ ಹೌದು, ಒಳ್ಳೇ ಕೆಲಸವೂ ಹೌದು.

ಹೆಂಗಸರ ಮಾತೇ ಇಲ್ಲವಲ್ಲ ಅಂತ ಕೇಳುತ್ತಿದ್ದೀರಿ. ಇದ್ದರು, ಕಲ್ಲಿನಲ್ಲಿ! ಮೇರಿ ಸಾಮರ್‌ವಿಲ್ ಅವರ ಪಾಂಡಿತ್ಯಕ್ಕೆ ಮೆಚ್ಚಿ 1830ರ ದಶಕದ ಆರಂಭದಲ್ಲಿ ಫೆಲೋಗಳೇ ಚಂದಾ ಹಾಕಿ, ಶಿಲ್ಪಿ ಚ್ಯಾಂಟ್ರಿ ಕೈಯಲ್ಲಿ ಅವರ ಅಮೃತಶಿಲೆಯ ಮೂರ್ತಿ ಮಾಡಿಸಿದರು. ಮೂರ್ತಿ ಸಂಘದೊಳಗೆ. ಮೇರಿ ಹೊರಗೆ.

ಈಗ 1902ಕ್ಕೆ ಬನ್ನಿ. ರಾಣಿ ತೀರಿಕೊಂಡು ಒಂದು ವರ್ಷ ಆಗಿದೆ, ಅವರ ಕಾಲದ ನಿಯಮ ಗಟ್ಟಿಯಾಗಿದೆ. ಹರ್ತಾ ಏರ್ಟನ್ ಅವರ ಹೆಸರಿನ ಸರ್ಟಿಫಿಕೇಟ್ ಬಂತು. ವಾಚ್ ರಿಪೇರಿ ಮಾಡುವವರ ಮಗಳು. ಆಗ ಬೀದಿಗಳಲ್ಲಿ ಉರಿಯುತ್ತಿದ್ದ ಆರ್ಕ್ ದೀಪಗಳು ಹಾವಿನ ಹಾಗೆ ಬುಸ್ ಅನ್ನುತ್ತಿದ್ದವು, ಬೆಳಕು ನಡುಗುತ್ತಿತ್ತು. ಬಿಸಿ ಇಂಗಾಲದ ಕಡ್ಡಿಗೆ ಗಾಳಿಯ ಆಮ್ಲಜನಕ ತಾಗಿ ಆ ಸದ್ದು ಬರುತ್ತದೆ ಅಂತ ತೋರಿಸಿಕೊಟ್ಟವರು ಇವರು. 1901ರಲ್ಲಿ ಇದೇ ಸಂಘದಲ್ಲಿ ಅವರ ಲೇಖನ ಓದಿದರು. ಅವರಲ್ಲ, ಅವರ ಪರವಾಗಿ ಜಾನ್ ಪೆರಿ. ಮರುವರ್ಷ ಹೆಸರು ಸೂಚಿಸಿದವರೂ ಪೆರಿಯೇ. ಸಹಿಗಳಿಗೆ ಕೊರತೆ ಇರಲಿಲ್ಲ.

ಕೌನ್ಸಿಲ್ ವಕೀಲರನ್ನು ಕೇಳಿತು. ವಕೀಲರು ಹೇಳಿದರು, ಮದುವೆಯಾದ ಹೆಂಗಸು ಫೆಲೋ ಆಗುವಂತಿಲ್ಲ. ಯಾಕೆಂದರೆ ಕಾನೂನಿನ ಕಣ್ಣಲ್ಲಿ ಅವಳು ಪ್ರತ್ಯೇಕ ವ್ಯಕ್ತಿಯಲ್ಲ, ಗಂಡನ ಜೊತೆ ಸೇರಿಹೋದವಳು. ಗಂಡ ವಿಲಿಯಂ ಏರ್ಟನ್ ಆಗಲೇ ಫೆಲೋ.

ಇಲ್ಲಿ ನಾನು ಬ್ಯಾಗಿನಿಂದ ನನ್ನ ಫಾರ್ಮ್ ತೆಗೆದೆ. ಹಿಂದಿನ ಪುಟ ಓದಿರಲಿಲ್ಲ. 'ಕುಟುಂಬ ಸದಸ್ಯತ್ವ: ಯಜಮಾನರ ಹೆಸರು. ಒಂದು ಕುಟುಂಬಕ್ಕೆ ಒಂದು ಮತ.' ಹೆಂಡತಿ ಅಂತ ಒಂದು ಸಾಲು ಕೆಳಗಿದೆ, ಮಕ್ಕಳ ಜೊತೆ. ಸಹಿಗೆ ಓಡಾಡಿದವಳು ನಾನು. ಇಡ್ಲಿ ಹಿಟ್ಟು ರುಬ್ಬಿದವಳೂ ನಾನೇ.

ಹರ್ತಾ ಸುಮ್ಮನೆ ಕೂರಲಿಲ್ಲ. ಸಮುದ್ರ ದಡದ ಮರಳಿನಲ್ಲಿ ಅಲೆ ಅಲೆಯಾಗಿ ಗೆರೆ ಮೂಡುತ್ತದಲ್ಲ, ಅದು ಹೇಗೆ ಅಂತ ಗಾಜಿನ ತೊಟ್ಟಿಗಳಲ್ಲಿ ನೀರು ಮರಳು ಹಾಕಿ ಅಲ್ಲಾಡಿಸಿ ನೋಡಿದರು. 1904ರಲ್ಲಿ ಆ ಲೇಖನವನ್ನು ತಾವೇ ನಿಂತು ಓದಿದರು. ಅಲ್ಲಿ ತನ್ನ ಲೇಖನ ತಾನೇ ಓದಿದ ಮೊದಲ ಹೆಂಗಸು. 1906ರಲ್ಲಿ ಅದೇ ಸಂಘ ಅವರಿಗೆ ಹ್ಯೂಸ್ ಪದಕ ಕೊಟ್ಟಿತು. ಪದಕ ಕೊಡಬಹುದು, ಸದಸ್ಯತ್ವ ಕೊಡಬಾರದು! 1908ರಲ್ಲಿ ಗಂಡ ತೀರಿಕೊಂಡರು. ಮದುವೆಯ ನೆಪ ಅಲ್ಲಿಗೆ ಮುಗಿಯಬೇಕಿತ್ತು. ಆದರೂ ಅವರು ಕೊನೆಯವರೆಗೂ ಫೆಲೋ ಆಗಲಿಲ್ಲ. ಫೆಲೋ ಆದ ಮೊದಲ ಇಬ್ಬರು ಹೆಂಗಸರು, ಕ್ಯಾಥ್ಲೀನ್ ಲಾನ್ಸ್‌ಡೇಲ್, ಮಾರ್ಜರಿ ಸ್ಟೀಫನ್‌ಸನ್ ಸೇರಿದ್ದು 1945ರಲ್ಲಿ.

ಕೊನೆಗೆ ಕಾರ್ಲ್‌ಟನ್ ಹೌಸ್ ಟೆರೇಸ್. ಈಗಿನ ರಾಯಲ್ ಸೊಸೈಟಿ ಇದೇ ಬಿಳಿ ಕಟ್ಟಡ. ಹಿಂದೆ ಜರ್ಮನ್ ರಾಯಭಾರ ಕಚೇರಿ ಇತ್ತಂತೆ. ಇಲ್ಲಿ ನಿಂತಾಗ ನೆನಪಾದದ್ದು ಬೆಂಗಳೂರಿನ ನಮ್ಮ ಸಿ. ವಿ. ರಾಮನ್. 1924ರಲ್ಲಿ ಫೆಲೋ ಆದವರು, 1968ರಲ್ಲಿ ಆ ಫೆಲೋಗಿರಿಗೆ ರಾಜೀನಾಮೆ ಕೊಟ್ಟುಬಿಟ್ಟರು. ಜನ ಒಳಗೆ ಹೋಗಲು ಸಹಿ ಹುಡುಕುತ್ತಾರೆ. ಇವರು ಹೊರಗೆ ಬರಲು ಸಹಿ ಹಾಕಿದರು.

ಮಳೆ ಈಗ ನಿಜವಾಗಿ ಬಂತು, ಕ್ಯಾಮೆರಾ ಒಳಗಿಡುತ್ತೇನೆ. ಫಾರ್ಮ್‌ನಲ್ಲಿ 'ಯಜಮಾನರ ಹೆಸರು' ಅನ್ನುವ ಜಾಗದಲ್ಲಿ ನನ್ನ ಹೆಸರನ್ನೇ ಬರೆದಿದ್ದೇನೆ. ಎರಡನೇ ಸಹಿ ಯಾರು ಹಾಕುತ್ತಾರೆ ಅಂತ ಮುಂದಿನ ವಾರ ಹೇಳುತ್ತೇನೆ.